ಮಲಕಾಜಪ್ಪ ಬೋರಮಾಳ ಕುದಿಸಿದ್ದು

ಸೋಲಾಪುರದ ಚಾದರ ವ್ಯಾಪಾರಿ ಮಲಕಾಜಪ್ಪ ಅಂದು ಬೆಳಿಗ್ಗೆ ಚಹಾದ ಬಸಿ ಕೆಳಗಿಟ್ಟು, ಮೀಸೆ ಒರೆಸಿಕೊಂಡು, ಒಂದು ಪ್ರತಿಜ್ಞೆ ಮಾಡಿದ. ಅಂಥಿಂಥ ಪ್ರತಿಜ್ಞೆಯಲ್ಲ ಅದು. ಹೊರಗಿನವರು ಯಾರಾದರೂ ಕೇಳಿದ್ದರೆ ಈತ ನಾಳೆ ದಂಡು ಕಟ್ಟಿಕೊಂಡು ಕೋಟೆ ಹತ್ತಲಿದ್ದಾನೆ ಎಂದುಕೊಳ್ಳಬೇಕು!

“ಗಂಗೂ, ನಾಳಿಗೆ ಅಕ್ಕಲಕೋಟಿಗೆ ಹೋಗೂದರಾಗ ನಿನ್ನ ಬೋರಮಾಳ ಸರಾಫ ಬಜಾರದಾಗಿನ ಕಾಚಿನ ಪೆಟಗ್ಯಾಗ ಇಟ್ಟಂಗ ಹೊಳೀಬೇಕು. ಹೊಳಸಲಿಲ್ಲಂದ್ರ ನನ್ನ ಹೆಸರು ಮಲಕಾಜಪ್ಪನ ಅಲ್ಲ!”

ಹೆಂಡತಿ ಗಂಗುಬಾಯಿ ಭಕ್ಕರಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆಯೇ ಕೇಳಿದಳು: “ಈಗ ಅದಕ್ಕೇನು ಧಾಡಿ ಆಗೇತ್ರಿ?”

“ಏನಾಗೇತಿ ಅಂತ ಕೇಳತಿ? ಹಿಟ್ಟು ಮೆತ್ತೇತಿ, ಎಣ್ಣಿ ಕುಡದೈತಿ, ಅರಿಷಿಣ ಬಡದೈತಿ. ಗುಂಡಿನ ಮ್ಯಾಲಿನ ತಗ್ಗು ನೋಡು, ನಮ್ಮ ಓಣಿ ರಸ್ತೇದಾಗೂ ಇಷ್ಟಿಲ್ಲ! ಅದ ನಮ್ಮ ಬೀಗತಿ ಅಕ್ಕನಾಗಮ್ಮನ್ನ ನೋಡು. ಒಂದೊಂದು ದಾಗೀನಾ ಹತ್ತ್ಯಾಗ ಸುತ್ತಿ ಲಾಕರದಾಗ ಇಡತಾಳ.”

“ಲಾಕರಿಗೆ ಕೊಳ್ಳ ಐತೇನ್ರಿ, ಹಾಕ್ಕೋಳಾಕ?”

ಮಲಕಾಜಪ್ಪ ಇನ್ನೊಂದು ಬಸಿ ಚಹಾ ಕೇಳಿದ.

ಬೋರಮಾಳ ಎಂದರೆ ಬೋರೆಹಣ್ಣಿನ ಆಕಾರದ ಬಂಗಾರದ ಗುಂಡುಗಳನ್ನು ಕೆಂಪು ದಾರದಲ್ಲಿ ಪೋಣಿಸಿದ ಸರ. ಇದು ಮಲಕಾಜಪ್ಪನ ತಾಯಿಯದು. ಆ ಮುದುಕಿ ಕಡೆಗಾಲದಲ್ಲಿ ಸೊಸೆಯನ್ನು ಹತ್ತಿರ ಕರೆದು, ತನ್ನ ಕೊರಳಿಂದ ತೆಗೆದು ಅವಳ ಕೊರಳಿಗೆ ಹಾಕಿದ್ದಳು. ಅಂದಿನಿಂದ ಗಂಗುಬಾಯಿ ಅದನ್ನು ಕಳಚಿದವಳಲ್ಲ. ಬಟ್ಟೆ ಒಗೆಯುವಾಗ, ಖಾರ ಕುಟ್ಟುವಾಗ, ಜ್ವರ ಬಂದು ಮಲಗಿದಾಗ ಕೂಡ ಅದು ಅವಳ ಕೊರಳಲ್ಲೇ ಇರುತ್ತಿತ್ತು. ಮಲಕಾಜಪ್ಪನಿಗೆ ಇಷ್ಟು ದಿನ ಅದರ ಹೊಳಪಿನ ಚಿಂತೆ ಇರಲಿಲ್ಲ. ಆದರೆ ಮಗಳು ಮಯೂರಿಯನ್ನು ಅಕ್ಕಲಕೋಟೆಗೆ ಕೊಟ್ಟ ಮೇಲೆ, ಮಗಳ ಅತ್ತೆ ಅಕ್ಕನಾಗಮ್ಮ ಒಮ್ಮೆ ಆ ಸರವನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, “ಹಳೇದೇನ್ರಿ?” ಎಂದು ಕೇಳಿದ್ದಳು. ಆ ‘ಹಳೇದು’ ಮಲಕಾಜಪ್ಪನ ಎದೆಯಲ್ಲಿ ಮೀನಿನ ಮುಳ್ಳಿನಂತೆ ಕುಳಿತಿತ್ತು. ಈಗ ನೋಡಿದರೆ ಮೊಮ್ಮಗ ಸಿದ್ದುವಿನ ಜಾವಳ. ಕೂಸಿನ ಮೊದಲ ಕೂದಲು ತೆಗೆಯುವ ಕಾರ್ಯ. ಬೀಗರ ಬಳಗವೆಲ್ಲ ಸೇರುತ್ತದೆ. ಮುಳ್ಳು ಕೀಳಲು ಇದಕ್ಕಿಂತ ಒಳ್ಳೆಯ ಮುಹೂರ್ತ ಉಂಟೆ?

ಕಾಟ ತಾಳಲಾರದೆ ಗಂಗುಬಾಯಿ ಮಧ್ಯಾಹ್ನ ಸರ ಬಿಚ್ಚಿ ಕೊಟ್ಟಳು.

“ಒದ್ದಿ ಅರಿವಿಲೆ ಹಗೂರಕ ಒರಸ್ರಿ, ಸಾಕು. ಅತ್ತಿ ಕೈಯಾರೆ ಹಾಕಿದ್ದು. ಇದಕ್ಕೇನರ ಆತಂದ್ರ ನಾ ಮಾತ್ರ ತಡಕೊಳ್ಳಂಗಿಲ್ಲ ನೋಡ್ರಿ.”

“ಏ ಹುಚ್ಚಿ, ನಾ ಏನು ಸಣ್ಣ ಹುಡುಗ ಅದೀನೇನು?”

ಅವಳು ಹೊಸ ಝಂಪರ ತರಲು ದರ್ಜಿಯ ಹತ್ತಿರ ಹೋದಳು. ಮಲಕಾಜಪ್ಪ ಅಡಿಗೆಮನೆಯ ಬಾಗಿಲು ಮುಚ್ಚಿಕೊಂಡ.

ಈಗ ಅವನ ಬುದ್ಧಿಯ ಬಗ್ಗೆ ಒಂದು ಮಾತು ಹೇಳಬೇಕು. ಜನ್ಮವೆಲ್ಲ ಚಾದರ ಮಾರಿದ ಬುದ್ಧಿ ಅದು. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅವನು ಎದೆ ತಟ್ಟಿ ಹೇಳುತ್ತಿದ್ದದ್ದು ಒಂದೇ: “ತಗೊಂಡು ಹೋಗಿ ಕುದಿಯೋ ನೀರಾಗ ಹಾಕ್ರಿ! ಬಣ್ಣ ಬಿಟ್ಟಿತಂದ್ರ ನನ್ನ ಮುಖದ ಮ್ಯಾಲ ಒಗೀರಿ!” ಚಾದರವೇ ತಡೆಯುತ್ತದೆ ಎಂದಮೇಲೆ ಬಂಗಾರ ತಡೆಯದೆ? ಒರೆಸುವುದು ಹೆಂಗಸರ ಕೆಲಸ, ಕುದಿಸುವುದು ಶಾಸ್ತ್ರೋಕ್ತ! ಬೋಗುಣಿಯಲ್ಲಿ ನೀರಿಟ್ಟ. ಮುಷ್ಟಿ ತುಂಬ ವಾಷಿಂಗ್ ಸೋಡಾ ಸುರಿದ. ನೀರು ಕೊತಕೊತ ಕುದಿಯತೊಡಗಿದಾಗ ತಾಯಿಯ ಬೋರಮಾಳವನ್ನು ಗಂಗೆಗೆ ಅರ್ಪಿಸುವವನಂತೆ ಒಳಗೆ ಬಿಟ್ಟ.

ಸ್ವಲ್ಪ ಹೊತ್ತಿಗೆ ನೀರು ಹಳದಿಯಾಯಿತು. “ಹಾಂ, ಅರಿಷಿಣ ಹೊಂಟಿತು” ಎಂದು ಮಲಕಾಜಪ್ಪ ಹಿಗ್ಗಿದ. ಮತ್ತೆ ಸ್ವಲ್ಪ ಹೊತ್ತಿಗೆ ನೀರು ಕೆಂಪಾಯಿತು. ಆಮೇಲೆ ಕಂದು ಬಣ್ಣಕ್ಕೆ ತಿರುಗಿತು. ತಳದಿಂದ ಅಂಟಂಟು ಎಳೆಗಳು ಎದ್ದು ಬರತೊಡಗಿದವು.

“ಅಯ್ಯಯ್ಯೋ ಶಿವನ! ಬಂಗಾರ ಬಣ್ಣ ಬಿಡಾಕತ್ತೈತಿ!”

ಬಣ್ಣವಲ್ಲ, ಪ್ರಾಣವನ್ನೇ ಬಿಡುತ್ತಿತ್ತು. ಬೋರಮಾಳದ ಗುಂಡು ಗಟ್ಟಿ ಬಂಗಾರದ್ದಲ್ಲ. ಮೇಲೆ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಿನ ಬಂಗಾರ. ಒಳಗೆ ತುಂಬಿದ್ದೆಲ್ಲ ಅರಗು. ಬಿಸಿ ತಾಗಿದರೆ ಅರಗು ಕರಗುತ್ತದೆ. ಇದು ಬಂಗಾರದ ಕೆಲಸ ಮಾಡುವ ಪತ್ತಾರನಿಗೆ ಗೊತ್ತು, ಪತ್ತಾರನ ಮನೆಯ ಬೆಕ್ಕಿಗೂ ಗೊತ್ತು. ಮಲಕಾಜಪ್ಪನಿಗೆ ಮಾತ್ರ ಆಗ ಗೊತ್ತಾಯಿತು! ಗಾಬರಿಯಲ್ಲಿ ಇಕ್ಕಳದಿಂದ ಸರ ಎತ್ತಲು ಹೋಗಿ ಗುಂಡೊಂದನ್ನು ಹಪ್ಪಳ ಮಾಡಿದ. ಉಳಿದ ಗುಂಡುಗಳು ತಟ್ಟೆಯಲ್ಲಿ ಹಗುರವಾಗಿ, ಟೊಳ್ಳಾಗಿ, ಗಾಳಿ ಬಂದರೆ ಹಾರಿಹೋಗುವಂತೆ ಬಿದ್ದಿದ್ದವು.

ಅವನ ಕಣ್ಣ ಮುಂದೆ ತಾಯಿ ಬಂದಳು. ಅವಳಾದರೂ ಪರವಾಗಿಲ್ಲ, ಸ್ವರ್ಗದಲ್ಲಿದ್ದಾಳೆ. ಗಂಗುಬಾಯಿ ದರ್ಜಿಯ ಅಂಗಡಿಯಲ್ಲಿದ್ದಾಳೆ, ಇನ್ನೇನು ಬಂದೇಬಿಡುತ್ತಾಳೆ! ಅಂದು ಅಮಾವಾಸ್ಯೆ, ಸರಾಫರ ಅಂಗಡಿಗಳೆಲ್ಲ ಬಂದ್. ಟೊಳ್ಳು ಗುಂಡು ಹಾಗೇ ಪೋಣಿಸಿದರೆ ಕೊರಳಿಗೆ ಹಾಕಿದ ಕ್ಷಣವೇ ಭಾರದಿಂದ ಗೊತ್ತಾಗುತ್ತದೆ. ಏನಾದರೂ ತುಂಬಲೇಬೇಕು. ಅರಗಿನ ಬಣ್ಣದ್ದು, ಬಿಸಿಯಿದ್ದಾಗ ಹರಿಯುವಂಥದ್ದು, ಆರಿದಾಗ ಕಲ್ಲಾಗುವಂಥದ್ದು...

ಅವನ ದೃಷ್ಟಿ ಮೂಲೆಯ ತಟ್ಟೆಯ ಮೇಲೆ ಬಿತ್ತು. ಜಾವಳಕ್ಕೆ ಒಯ್ಯುವ ಶೇಂಗಾ ಉಂಡಿಗೆಂದು ಗಂಗುಬಾಯಿ ಬೆಲ್ಲ ಕುಟ್ಟಿ ಇಟ್ಟಿದ್ದಳು.

ಚಹಾ ಬಿಟ್ಟು ಬೇರೇನನ್ನೂ ಒಲೆಯ ಮೇಲೆ ಇಟ್ಟು ಗೊತ್ತಿಲ್ಲದ ಮಲಕಾಜಪ್ಪ ಅಂದು ಬೆಲ್ಲದ ಪಾಕ ಹಿಡಿದ! ಕಿವಿಗೆ ಎಣ್ಣೆ ಬಿಡುವ ಡ್ರಾಪರಿನಿಂದ ಗುಂಡು ಗುಂಡಿಗೂ ತುಂಬಿದ. ಕೈ ಸುಟ್ಟಿತು, ಉಫ್ ಎಂದು ಊದಿಕೊಂಡ. ಸೂಜಿಯಿಂದ ದಾರದ ದಾರಿ ಬಿಡಿಸಿದ, ಹಪ್ಪಳವಾದ ಗುಂಡು ಕೊರಳ ಹಿಂದೆ ಬರುವಂತೆ ಪೋಣಿಸಿದ, ತಣ್ಣೀರಲ್ಲಿ ಅದ್ದಿ ಒರೆಸಿದ. ಸೋಡಾದ ಪ್ರತಾಪವೋ ಏನೋ, ಸರ ಥಳಥಳ ಹೊಳೆಯುತ್ತಿತ್ತು.

ಮನೆಗೆ ಬಂದ ಗಂಗುಬಾಯಿ ಕೊರಳಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಮುಖ ಅರಳಿತು.

“ಖರೇನ ಹೊಳೀತೈತ್ರಿ! ನಾ ಸುಮ್ಮನ ಬೈದೆ ನಿಮಗ. ಎಷ್ಟ ಕಾಳಜಿ ಮಾಡೀರಿ!”

ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಎಸ್.ಟಿ. ಬಸ್ಸು. ಸೋಲಾಪುರದ ಬಿಸಿಲಿಗೆ ಬಸ್ಸಿನ ಸೀಟು ಕಾದ ಹಂಚಿನಂತಾಗಿತ್ತು. ಊರು ದಾಟುವ ಮೊದಲೇ ಒಂದು ನೊಣ ಬಂದು ಗಂಗುಬಾಯಿಯ ಕೊರಳ ಸುತ್ತ ಪ್ರದಕ್ಷಿಣೆ ಹಾಕಿತು. ಆಮೇಲೆ ಅದು ತನ್ನ ಬಳಗಕ್ಕೆಲ್ಲ ಸುದ್ದಿ ಮುಟ್ಟಿಸಿತು. ಮಲಕಾಜಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಬೀಸತೊಡಗಿದ. ಎಡಗೈ ಸೋತರೆ ಬಲಗೈ, ಬಲಗೈ ಸೋತರೆ ಎಡಗೈ!

ಆಚೆ ಸೀಟಿನಲ್ಲಿದ್ದ ಮುದುಕಿಯೊಬ್ಬಳು ಗಲ್ಲಕ್ಕೆ ಕೈ ಹಚ್ಚಿದಳು. “ಏನ್ ಪುಣ್ಯವಂತಿ ಅದಿ ಯವ್ವಾ! ನಮ್ಮನ್ಯಾಂವ ಒಂದಿನಾನೂ ನನ್ನ ಮ್ಯಾಲಿನ ನೊಣ ಹೊಡೀಲಿಲ್ಲ.”

ಗಂಗುಬಾಯಿ ಸೆರಗಿನಲ್ಲಿ ನಕ್ಕಳು. “ಸಾಕು ಬಿಡ್ರಿ, ಮಂದಿ ನೋಡಾಕತ್ತಾರ.”

“ನೋಡವಲ್ಲರ‍್ಯಾಕ!” ಎಂದು ಮಲಕಾಜಪ್ಪ ಇನ್ನೂ ಜೋರಾಗಿ ಬೀಸಿದ. ಅಕ್ಕಲಕೋಟೆ ಬರುವ ಹೊತ್ತಿಗೆ ಅವನ ರಟ್ಟೆಗಳು ಸತ್ತುಹೋಗಿದ್ದವು.

ಅಂಗಳದಲ್ಲಿ ಚಪ್ಪರ, ಚಪ್ಪರದ ತುಂಬ ಮಂದಿ. ಅಕ್ಕನಾಗಮ್ಮ ಲಾಕರಿನಿಂದ ಬಿಡುಗಡೆಯಾದ ಬಂಗಾರವನ್ನೆಲ್ಲ ಹೇರಿಕೊಂಡು ಎದುರಿಗೆ ಬಂದಳು. ಅವಳ ಕಣ್ಣು ನೇರ ಬೋರಮಾಳದ ಮೇಲೆ.

“ಬೀಗತಿ, ಹೊಸಾದು ಮಾಡಸೀರೇನು?”

ನೋಡಿ, ಮನುಷ್ಯನ ಚಪಲ! ಅಂಥ ಹೊತ್ತಿನಲ್ಲೂ ಮಲಕಾಜಪ್ಪನ ಎದೆ ಉಬ್ಬಿತು. “ಹಳೇದ ರೀ. ಸಾಂಭಾಳಸೂದು, ಜ್ವಾಪಾನ ಮಾಡೂದು ಗೊತ್ತಿರಬೇಕು, ಅಷ್ಟ!”

ಜಾವಳ ಶುರುವಾಯಿತು. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಮಾನ ಸೋದರಮಾವನದು. ಮಯೂರಿಗೆ ಅಣ್ಣತಮ್ಮಂದಿರಿಲ್ಲ, ಹಾಗಾಗಿ ಅಜ್ಜ ಮಲಕಾಜಪ್ಪನೇ ಕುಳಿತ. ಕ್ಷೌರದ ಕಾಮಣ್ಣ ಕತ್ತಿ ತೋರಿಸಿದ್ದೇ ತಡ, ಸಿದ್ದು ಚಪ್ಪರ ಹಾರಿಹೋಗುವಂತೆ ಕಿರುಚಿದ. ಒಂದೇ ಒದೆತಕ್ಕೆ ಅಜ್ಜನ ಟೋಪಿ ಅಂಗಳ ದಾಟಿತು. ಅಕ್ಕನಾಗಮ್ಮ ಕೂಸನ್ನು ತನ್ನ ತೊಡೆಗೆ ತೆಗೆದುಕೊಂಡು ನೋಡಿದಳು. ಕೂಸು ಅಳುತ್ತಲೇ ಅವಳ ಮಿಂಚುವ ಸರಕ್ಕೆ ಕೈ ಹಾಕಿತು.

“ಹಾಂ ಹಾಂ! ಬ್ಯಾಡಪ್ಪಾ, ಪಾಲಿಶ್ ಹೋಗತೈತಿ!” ಎಂದು ಅವಳು ಹಿಂದೆ ಸರಿದಳು. ಕೂಸಿನ ಅಳು ಮುಗಿಲು ಮುಟ್ಟಿತು.

“ಕೊಡ್ರಿ ಇಲ್ಲೆ” ಎಂದು ಗಂಗುಬಾಯಿ ಕೂಸನ್ನು ತೊಡೆಗೆ ಎಳೆದುಕೊಂಡಳು. ಸಿದ್ದು ಬೋರಮಾಳ ಹಿಡಿದ. ಅವಳು ಬಿಡಿಸಲಿಲ್ಲ. ಬಾಯಿಗೆ ಹಾಕಿಕೊಂಡ. ಆಗಲೂ ಬಿಡಿಸಲಿಲ್ಲ. ಒಮ್ಮೆ ಚೀಪಿದ. ಅಳು ಕಟ್ಟ್ ಎಂದು ನಿಂತಿತು. ಕಣ್ಣು ಅರಳಿಸಿ, ಹೊಸ ಹಲ್ಲಿನಿಂದ ಕಚ್ಚಿ, ಮತ್ತೆ ಚೀಪಿದ. ಕಾಮಣ್ಣನ ಕತ್ತಿ ಸರಸರ ಓಡಿತು. ಕೂಸು ಮಾತ್ರ ಸಮಾಧಿಯಲ್ಲಿದ್ದ ಸಿದ್ಧನಂತೆ ಕಣ್ಣರೆಪ್ಪೆ ಕೂಡ ಅಲುಗಿಸಲಿಲ್ಲ.

“ಇಂಥ ಶ್ಯಾಣ್ಯಾ ಕೂಸಿನ ತಲಿ ನಾ ಜಲ್ಮದಾಗ ಬೋಳಿಸಿಲ್ಲ!” ಎಂದ ಕಾಮಣ್ಣ. ಹೆಂಗಸರು ಸೋಬಾನ ಹಾಡಿದರು. ಮಲಕಾಜಪ್ಪ ಮಾತ್ರ ಕೂಸು ಒಂದೊಂದು ಸಲ ಚೀಪಿದಾಗಲೂ ಇಷ್ಟಿಷ್ಟೇ ಕುಗ್ಗುತ್ತಿದ್ದ.

ಜಾವಳ ಮುಗಿಯಿತು. ಸಿದ್ದು ಸರ ಬಿಡಲೊಲ್ಲ. ಮಯೂರಿ ಬಂದು ಮಗನನ್ನು ಎಳೆದಳು. ಕೂಸಿನ ತುಟಿಯಿಂದ ಬೋರಮಾಳದವರೆಗೆ ಚಿನ್ನದ ಬಣ್ಣದ ಎಳೆಯೊಂದು ಉದ್ದಕ್ಕೆ ಬಂತು.

“ಅವ್ವಾ! ಏನಬೇ ಇದು, ಬೆಲ್ಲದಂಗ ಐತಿ?”

ಗಂಗುಬಾಯಿ ಗುಂಡಿಗೆ ಬೆರಳು ಹಚ್ಚಿ ನಾಲಗೆಗಿಟ್ಟುಕೊಂಡಳು. ಆಮೇಲೆ ಗಂಡನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ; ಅದಕ್ಕಿಂತ ಕೆಟ್ಟದ್ದಿತ್ತು, ದುಃಖ.

“ನಿನ್ನಿ ಉಂಡಿ ಕಟ್ಟುಮುಂದ ಪಾಕ ಸಿಡೀತು ಕಾಣತೈತಿ” ಎಂದಳು ಎಲ್ಲರಿಗೂ ಕೇಳುವಂತೆ. “ನಾನ ನೋಡಿಲ್ಲ.”

ಅಕ್ಕನಾಗಮ್ಮ ತಲೆ ಅಲ್ಲಾಡಿಸಿದಳು. “ಅದಕ್ಕ ಹೇಳೂದು. ಬಂಗಾರ ಹಾಕ್ಕೊಂಡು ಒಲಿ ಮುಂದ ಕುಂತ್ರ ಇನ್ನೇನಾದೀತು? ಕಿಮ್ಮತ್ತು ಗೊತ್ತಿರಬೇಕ್ರೀ ಬೀಗತಿ.”

ಗಂಗುಬಾಯಿ ತಲೆ ತಗ್ಗಿಸಿದಳು. ತನ್ನ ತಪ್ಪಲ್ಲದ ತಪ್ಪಿಗೆ, ಗಂಡನ ಮಾನ ಕಾಯಲು, ಬೀಗರ ಅಂಗಳದಲ್ಲಿ ತಗ್ಗಿದ ತಲೆ ಅದು. ಮಲಕಾಜಪ್ಪನಿಗೆ ತಡೆಯಲಾಗಲಿಲ್ಲ. ಸತ್ತ ರಟ್ಟೆಗಳನ್ನು ಎತ್ತಿ ಕೈ ಮುಗಿದು ಎದ್ದು ನಿಂತ.

“ಆಕೀ ಅಲ್ರೀ ಬೀಗತಿ, ನಾನು! ಹೊಳಸತೀನಂತ ಹೋಗಿ ಸರ ಕುದಿಸೀನಿ. ಅರಗ ಎಲ್ಲಾ ಹೋತು. ಅಂಜಿ ಒಳಗ ಬೆಲ್ಲದ ಪಾಕ ತುಂಬೀನಿ. ಬಂಗಾರದ ಕಿಮ್ಮತ್ತು ಆಕೀಗೆ ಬರೋಬ್ಬರಿ ಗೊತ್ತೈತಿ. ಗೊತ್ತಿಲ್ಲದಾಂವ ನಾನು!”

ಮೊದಲು ಕಾಮಣ್ಣ ಕಿಸಕ್ಕನೆ ನಕ್ಕ. ಆಮೇಲೆ ಚಪ್ಪರವೇ ನಕ್ಕಿತು. ಅಕ್ಕನಾಗಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡು ಕೇಳಿದಳು: “ಕುದಿಸಿದ್ರಾ? ಚಾದರದಂಗ?”

“ಚಾದರದಂಗ” ಎಂದ ಮಲಕಾಜಪ್ಪ. ಅವಳ ಎದುರಿಗೆ ಇಷ್ಟು ಸಣ್ಣವನಾಗಿ ನಿಂತದ್ದಕ್ಕೆ ಅವನಿಗೆ ನೋವಾಗಬೇಕಿತ್ತು. ಆದರೆ ಭಾರ ಇಳಿದಂತಾಯಿತು, ಅಷ್ಟೇ.

ಗಂಗುಬಾಯಿ ಮಾತ್ರ ನಗಲಿಲ್ಲ. ಊಟವಾದ ಮೇಲೆ ಗಂಡನನ್ನು ಕರೆದುಕೊಂಡು ಸೀದಾ ಪೇಟೆಯ ಕಲ್ಲಣ್ಣ ಪತ್ತಾರನ ಅಂಗಡಿಗೆ ನಡೆದಳು. ಮಲಕಾಜಪ್ಪ ಹಿಂದೆ ಹಿಂದೆ ನಡೆಯುತ್ತ ಕೊನೆಗೆ ಮೆಲ್ಲಗೆ ಅಂದ: “ಗಂಗೂ, ಒಂದೀಟು ಬೈದರ ಬೈಯಲ್ಲಾ.”

“ಅಲ್ರೀ, ಅತ್ತಿ ಇದನ್ನ ನನಗ ಹಾಕಿದಾಗ ಹೊಳೀತಿರಲಿಲ್ಲ. ಅವರ ಕೊಳ್ಳಾಗ ಸವದು ಸವದು ನುಣ್ಣಗ ಆಗಿತ್ತು. ಹಂಗ ಸವದದ್ದ ನನಗ ಬೇಕಾಗಿತ್ತು. ಹೊಳಿಯೂದು ಬೇಕಂದ್ರ ಪ್ಯಾಟ್ಯಾಗ ಬೇಕಾದಷ್ಟು ಸಿಗತೈತಿ.”

ಮಲಕಾಜಪ್ಪನಿಗೆ ಅವಳು ಬೈದಿದ್ದರೇ ಹಗುರವಾಗುತ್ತಿತ್ತು.

ಕಲ್ಲಣ್ಣ ಪತ್ತಾರ ಒಂದು ಗುಂಡನ್ನು ದೀಪಕ್ಕೆ ಹಿಡಿದ, ಮೂಸಿದ, ಕಿರುಬೆರಳಿಂದ ಅಷ್ಟು ತೆಗೆದು ಚಪ್ಪರಿಸಿದ. “ಪಾಕ ಯಾರು ಹಿಡದಾರ್ರೀ? ಕೈ ಚೊಲೋ ಐತಿ. ಯಾಲಕ್ಕಿ ಹಾಕಬೇಕಾಗಿತ್ತು!” ಎಂದು ಗಹಗಹಿಸಿದ. ಆಮೇಲೆ ಮುಖ ನೋಡಿ ಸಮಾಧಾನ ಹೇಳಿದ: “ಅಂಜಬ್ಯಾಡ್ರೀ ಅಕ್ಕಾರ, ಬಂಗಾರ ಎಲ್ಲೂ ಹೋಗಿಲ್ಲ. ತೊಳದು ಅರಗ ತುಂಬಿ ಕೊಡತೀನಿ. ಕೈ ಆಡಸುಮುಂದ ಈ ತಗ್ಗೂ ಎಬ್ಬಿಸಿ ಬಿಡ್ಲೇನು? ಏಕದಮ್ ಹೊಸಾದಾಗತೈತಿ.”

“ಎಬ್ಬಸ್ರಿ, ಎಬ್ಬಸ್ರಿ!” ಎಂದ ಮಲಕಾಜಪ್ಪ ಪ್ರಾಯಶ್ಚಿತ್ತದ ಉತ್ಸಾಹದಲ್ಲಿ.

“ಮುಟ್ಟಬ್ಯಾಡ್ರಿ!” ಗಂಗುಬಾಯಿ ಸರ ತನ್ನ ಕಡೆ ಎಳೆದುಕೊಂಡಳು. ಒಂದೊಂದೇ ಗುಂಡು ತಿರುಗಿಸಿ ತೋರಿಸಿದಳು. “ಇದು ಸಿದ್ದೂಂದು, ಈಗ ಕಡದದ್ದು. ಇವೆರಡು ಮಯೂರಿವು. ಇವು ಇಷ್ಟೂ ಇವರವು. ಹಲ್ಲು ಬರುಮುಂದ ಹಗಲೆಲ್ಲಾ ಇದನ್ನ ಬಾಯಾಗ ಹಿಡಕೊಂಡ ಇರತಿದ್ರಂತ. ಅತ್ತಿ ಒಂದೊಂದ ತೋರಿಸಿ ಹೇಳ್ಯಾರ ನನಗ.”

ಮಲಕಾಜಪ್ಪ ಬಗ್ಗಿ ನೋಡಿದ. ಅಕ್ಕಿಕಾಳಿನ ತುದಿಯಷ್ಟು ಸಣ್ಣ ತಗ್ಗುಗಳು. ತಾನು ಹಾಕಿದವು! ಇಷ್ಟು ವರ್ಷ ಅವನ ಹಾಲುಹಲ್ಲಿನ ಗುರುತನ್ನು ಮೊದಲು ತಾಯಿ, ಆಮೇಲೆ ಈ ಹೆಣ್ಣು, ಎದೆಯ ಮೇಲೆ ಹೊತ್ತುಕೊಂಡು ತಿರುಗಿದ್ದಾರೆ. ಅದನ್ನೇ ಅವನು ಓಣಿಯ ರಸ್ತೆ ಎಂದು ಕರೆದಿದ್ದ. ಕಣ್ಣು ಮಂಜಾದವು. ಹೆಂಡತಿಗೆ ಕೈ ಮುಗಿಯೋಣ ಎಂದರೆ ಪತ್ತಾರ ನೋಡುತ್ತಿದ್ದಾನೆ. ಸುಮ್ಮನೆ ಅವಳ ಸೆರಗಿನ ತುದಿ ಹಿಡಿದು ನಿಂತ.

ಕಲ್ಲಣ್ಣ ಇಕ್ಕಳಕ್ಕೆ ಸಿಕ್ಕು ಹಪ್ಪಳವಾದ ಗುಂಡನ್ನು ಎತ್ತಿ ಹಿಡಿದ. “ಇದು ಯಾರ ಹಲ್ಲಿಂದ್ರೀ ಮತ್ತ? ಇದನ್ನಾದರೂ ಸರೀ ಮಾಡಲ್ಯಾ?”

ಗಂಗುಬಾಯಿ ಜಾವಳ ಮುಗಿದಾಗಿನಿಂದ ಮೊದಲ ಸಲ ಗಂಡನ ಮುಖ ನೋಡಿ ನಕ್ಕಳು.

“ಅದೂ ಇವರದ ರೀ. ಆಗ ಹಲ್ಲು ಬರುಮುಂದ ಕಡದಿದ್ರು, ಈಗ ಬುದ್ಧಿ ಬರುಮುಂದ ಕಡದಾರ. ಇರಲಿ ಬಿಡ್ರಿ!”