ಐದನೆಯ ಹಾಡನ್ನು ಎಲ್ಲಿಡೋಣ?

ಕೂಡುವ ಲೆಕ್ಕದಲ್ಲಿ ಅಂಕಿಗಳನ್ನು ಹಿಂದೆಮುಂದೆ ಮಾಡಿದರೂ ಮೊತ್ತ ಬದಲಾಗುವುದಿಲ್ಲ ಎಂದು ಮಾನ್ವಿಯ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಮಕ್ಕಳು ನಂಬಿದ್ದಾರೆ. ಅವರಿಗಿಂತ ಹೆಚ್ಚಾಗಿ ನಾನು ನಂಬಿದ್ದೆ. ಮೂರಕ್ಕೆ ಐದು ಕೂಡಿಸಿದರೂ ಎಂಟು, ಐದಕ್ಕೆ ಮೂರು ಕೂಡಿಸಿದರೂ ಎಂಟು. ಬದುಕಿನ ಬಹಳಷ್ಟು ಸಂಗತಿಗಳು ಹೀಗೇ ಇರುತ್ತವೆ, ಯಾವುದು ಮೊದಲು ಯಾವುದು ಆಮೇಲೆ ಎಂದು ತಲೆ ಕೆಡಿಸಿಕೊಳ್ಳುವವರು ಕೆಲಸವಿಲ್ಲದವರು ಎಂದುಕೊಂಡಿದ್ದೆ. ಹೀಗೆಂದುಕೊಂಡವನು ಏಳು ಹಾಡುಗಳನ್ನು ಸಾಲಾಗಿ ಜೋಡಿಸಲು ಹೋಗಿ, ನಾಲ್ಕು ದಿನದಲ್ಲಿ ಹೆಂಡತಿಯನ್ನೂ ಹಳೆಯ ಗೆಳೆಯನನ್ನೂ ಕಳೆದುಕೊಳ್ಳುವ ಹಂತಕ್ಕೆ ಬಂದ ಕಥೆಯನ್ನು ನಿಮ್ಮೊಬ್ಬರಿಗೆ ಹೇಳುತ್ತೇನೆ. ಶಾಲೆಯಲ್ಲಿ ಯಾರಿಗೂ ಹೇಳಬೇಡಿ.

ನಾನು ಕೀಬೋರ್ಡ್ ನುಡಿಸುತ್ತೇನೆ. ನಮ್ಮದು ಮೂವರ ತಂಡ. ಡ್ರಮ್ಸ್ ಬಾರಿಸುವವನು ಖಾಜಾ, ನನ್ನ ಬಾಲ್ಯದ ಗೆಳೆಯ, ರಾಯಚೂರಿನಲ್ಲಿ ಗಾದಿ ಅಂಗಡಿ ಇಟ್ಟಿದ್ದಾನೆ. ಗಿಟಾರ್ ನುಡಿಸಿ ಹಾಡುವವನು ವೀರೇಶ, ನಮಗಿಂತ ಹದಿನೈದು ವರ್ಷ ಚಿಕ್ಕವನು, ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುತ್ತಾನೆ. ಅಭ್ಯಾಸ ಖಾಜಾನ ಅಂಗಡಿಯ ಹಿಂದಿನ ಗೋದಾಮಿನಲ್ಲಿ. ಗೋಡೆಗೆ ಆನಿಸಿಟ್ಟ ಗಾದಿಗಳು ಸದ್ದನ್ನೆಲ್ಲ ಕುಡಿದುಬಿಡುವುದರಿಂದ, ಹೊರಗೆ ನಿಂತ ಗಿರಾಕಿಗೆ ಒಳಗೆ ಯಾರೋ ಹಾಸಿಗೆಯ ಧೂಳು ಕೊಡವುತ್ತಿದ್ದಾರೆ ಎಂದಷ್ಟೇ ಅನ್ನಿಸುತ್ತದೆ. ನಾವು ನುಡಿಸುವುದು ಪ್ರೋಗ್ರೆಸಿವ್ ರಾಕ್. ಹಾಡುಗಳು ಉದ್ದ, ನಡುನಡುವೆ ತಾಳ ಬದಲಾಗುತ್ತದೆ, ಮತ್ತು ಮುಖ್ಯವಾಗಿ ಇಡೀ ಆಲ್ಬಮ್ಮಿನಲ್ಲಿ ಒಂದೇ ಕಥೆ ಹರಿಯುತ್ತದೆ. ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕಾದಂಬರಿ ಓದಿದಂತೆ ಕೇಳಬೇಕು. ಇದನ್ನು ನಮ್ಮ ಮುಖ್ಯೋಪಾಧ್ಯಾಯರಿಗೆ ವಿವರಿಸಿದಾಗ ಅವರು ಬಾಗಿಲು ಮುಂದೆ ಮಾಡಿ, “ಪ್ರೋಗ್ರೆಸಿವ್ ಅಂದ್ರ ಪ್ರಗತಿಪರ ಅಲ್ಲೇನ್ರಿ ಮಾಸ್ತರ? ಯಾವ ಸಂಘಟನಿ? ಸರಕಾರಿ ನೌಕರಿ ಅದ, ನೋಡಿಕೊಂಡು ಮಾಡ್ರಿ” ಎಂದಿದ್ದರು.

ನಮ್ಮ ಆಲ್ಬಮ್ಮಿನ ಕಥೆ ಒಬ್ಬ ಸಾಧಾರಣ ಮನುಷ್ಯನ ಬದುಕು. ಮೊದಲನೆಯ ಹಾಡು ‘ಕಾಲುವೆ’, ಅವನ ಬಾಲ್ಯದ ಈಜು. ಆಮೇಲೆ ‘ದೋಸ್ತಿ’. ಮೂರನೆಯದು ‘ಕನ್ನಡಿ’, ಅವನು ತನ್ನನ್ನು ತಾನೇ ನೋಡಿಕೊಳ್ಳುವುದು. ನಾಲ್ಕನೆಯದು ‘ಅಕ್ಷತೆ’, ಮದುವೆ. ಐದನೆಯದು ‘ಉಸಿರು ಕಟ್ಟಿತು’, ಹನ್ನೊಂದು ನಿಮಿಷದ್ದು. ಆರು ‘ಪಾಳಿ’, ದುಡಿಮೆ. ಏಳು ‘ಬಯಲು’. ಇವುಗಳಲ್ಲಿ ನನಗೆ ಹೆಮ್ಮೆಯೆಂದರೆ ನಾಲ್ಕು ಮತ್ತು ಐದರ ನಡುವಿನ ಬೆಸುಗೆ. ‘ಅಕ್ಷತೆ’ ಯಾವ ಸ್ವರದಲ್ಲಿ ಮುಗಿಯುತ್ತದೋ ಅದೇ ಸ್ವರದ ಎಳೆ ಹಿಡಿದು ‘ಉಸಿರು ಕಟ್ಟಿತು’ ಹೊರಡುತ್ತದೆ. ಎಲ್ಲಿ ಒಂದು ಮುಗಿದು ಇನ್ನೊಂದು ಹುಟ್ಟಿತೆಂದು ಗೊತ್ತೇ ಆಗುವುದಿಲ್ಲ. ಅದಕ್ಕಾಗಿ ಎರಡು ತಿಂಗಳು ಹೆಣಗಿದ್ದೆ.

ಶನಿವಾರ ರಾಯಚೂರಿನ ಸ್ಟುಡಿಯೋದಲ್ಲಿ ಹಾಡುಗಳ ಸಾಲನ್ನು ಅಂತಿಮಗೊಳಿಸಬೇಕಿತ್ತು. ಬುಧವಾರ ಸಂಜೆ ಹೆಂಡತಿ ಸುಮಂಗಲಾಳನ್ನು ಕೂರಿಸಿಕೊಂಡು ಇಡೀ ಆಲ್ಬಮ್ಮನ್ನು ಮೊದಲ ಸಲ ಸಾಲಾಗಿ ಕೇಳಿಸಿದೆ. ಅವಳು ಮೆಂತ್ಯದ ಪಲ್ಲೆ ಸೋಸುತ್ತಿದ್ದಳು. ‘ಅಕ್ಷತೆ’ ಬಂದಾಗ ಅವಳ ಮುಖದಲ್ಲಿ ನಗು ಮೂಡಿತು. ಬೆಸುಗೆ ದಾಟಿತು. ಅವಳ ಕೈ ನಿಂತಿತು. ನಾನು ಅದನ್ನು ಕಲೆಯ ಪರಿಣಾಮವೆಂದೇ ತಿಳಿದು ಧ್ವನಿ ಹೆಚ್ಚಿಸಿದೆ.

“ಆ ಹಾಡು ಮುಗಿಯೂದ ತಡ ಇದು ಯಾಕ ಬಂತು?” ಎಂದಳು.

“ಶ್ರುತಿ ಹೊಂದ್ತದ. ಅದು ಮುಗಿಯೋ ಸ್ವರದಾಗ ಇದು ಸುರು ಆಗ್ತದ.”

“ನನಗ ಶ್ರುತಿ ಗೊತ್ತಾಗೂದಿಲ್ರಿ. ಮದಿವಿ ಆತು, ಉಸಿರು ಕಟ್ಟಿತು. ನನಗ ತಿಳದದ್ದು ಇಷ್ಟ.”

“ಏ, ಅವೆರಡೂ ಬ್ಯಾರೆ ಬ್ಯಾರೆ ಹಾಡು. ಎರಡೂ ನೀ ಹತ್ತು ಸಲ ಕೇಳಿದಿ. ಛೊಲೋ ಅವ ಅಂದಿದ್ದಿ.”

“ಬ್ಯಾರೆ ಬ್ಯಾರೆ ಕೇಳಿದ್ದೆ. ಸಾಲಾಗಿ ಕೇಳಿದ್ದಿಲ್ಲ.” ಮೆಂತ್ಯದ ಕಡ್ಡಿಯೊಂದನ್ನು ಮುರಿಯುತ್ತ ಕೇಳಿದಳು, “ಈ ಉಸಿರಿನ ಹಾಡು ಯಾವಾಗ ಬರದಿದ್ರಿ?”

“ನೆನಪಿಲ್ಲ” ಎಂದೆ. ಅದು ಸುಳ್ಳು. ಅದು ಸುಳ್ಳೆಂದು ಅವಳಿಗೆ ಗೊತ್ತಾಯಿತೆಂದು ನನಗೂ ಗೊತ್ತಾಯಿತು. ಅವಳು ಪಲ್ಲೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಉಳಿದ ಎರಡು ಹಾಡುಗಳನ್ನು ನಾನೊಬ್ಬನೇ ಕೇಳಿದೆ.

ಮರುದಿನ ಬೆಳಿಗ್ಗೆ ಅವಳು ದೇವದುರ್ಗದ ಬಸ್ಸು ಹತ್ತಿದಳು. ಅವಳ ತವರಿನಲ್ಲಿ ಭಾನುವಾರ ತಮ್ಮನ ಕೂಸಿಗೆ ಹೆಸರಿಡುವುದಿತ್ತು. ಶನಿವಾರ ಸಂಜೆ ಇಬ್ಬರೂ ಸೇರಿ ಹೋಗುವುದೆಂದು ಮಾತಾಗಿತ್ತು. “ಡಬ್ಬಿ ಕಟ್ಟಿಟ್ಟೀನಿ. ಹಾಲಿಗೆ ಹೆಪ್ಪು ಹಾಕೀನಿ. ಬರ್ತೀನಿ” ಎಂದಳು, ಅಷ್ಟೇ. ಕೂಗಾಡಿ ಹೋಗಿದ್ದರೆ ನನಗೆ ಧೈರ್ಯವಿರುತ್ತಿತ್ತು. ಗಂಡನ ಮೇಲೆ ನಿಜವಾಗಿ ಮುನಿದ ಹೆಂಗಸು ಹಾಲಿಗೆ ಹೆಪ್ಪು ಹಾಕಿ ಹೋಗುತ್ತಾಳೆ. ಮಧ್ಯಾಹ್ನ ಫೋನ್ ಮಾಡಿದೆ, ಎತ್ತಲಿಲ್ಲ. ಎಂಟನೆಯ ತರಗತಿಗೆ ಮಾಡಿದ ಪಾಠವನ್ನೇ ಒಂಬತ್ತನೆಯವರಿಗೂ ಮಾಡಿ ಬಂದೆ.

ಸಂಜೆ ವೀರೇಶನನ್ನು ಕರೆಸಿದೆ. ಮೈಮೇಲೆ ತೌಡಿನ ಧೂಳು ಹೊತ್ತುಕೊಂಡೇ ಬಂದ. ಸುಮಂಗಲಾ ಮುನಿದು ತವರಿಗೆ ಹೋದದ್ದನ್ನು ಹೇಳಿ, ಐದನೆಯ ಹಾಡನ್ನು ಬೇರೆ ಎಲ್ಲಾದರೂ ಇಡಬೇಕು, ಅಷ್ಟೇ ಎಂದೆ. ನನ್ನ ಲೆಕ್ಕದ ಪ್ರಕಾರ ಅದು ಎರಡು ನಿಮಿಷದ ಕೆಲಸ.

“ಪಾಳಿ ಹಾಡಿನ ಹಿಂದ ಇಡೋಣು” ಎಂದೆ.

ವೀರೇಶ ಹೆದರಿ ನೋಡಿದ. “ಸರ್, ಗಿರಣ್ಯಾಗ ದುಡದ, ಉಸಿರು ಕಟ್ಟಿತು. ನಮ್ಮ ಸಾಹುಕಾರ್ರು ಕೇಳಿದ್ರ ಏನ್ ತಿಳಕೋತಾರ? ಪ್ರಾಕ್ಟೀಸಿಗೆ ರಜಾ ಕೊಡೋರ ಅವ್ರು.”

“ಹಂಗಾರ ಕಾಲುವೆ ಹಾಡಿನ ಹಿಂದ?”

“ಕಾಲುವಿಗೆ ಜಿಗದ, ಉಸಿರು ಕಟ್ಟಿತು ಅಂದ್ರ ಹುಡುಗ ಮುಳುಗಿ ಸತ್ತ ಅಂತ ಆಗ್ತದಲ್ರಿ ಸರ್. ಉಳದ ಐದು ಹಾಡು ಯಾರ ಕಥಿ?”

ಕೊನೆಗೆ ಇಟ್ಟರೆ ಮನುಷ್ಯ ಸತ್ತಂತೆ. ಮೊದಲಿಗೆ ಇಟ್ಟರೆ ಹನ್ನೊಂದು ನಿಮಿಷದ ನರಳಾಟ ಕೇಳಿದವರು ಎರಡನೆಯ ಹಾಡಿಗೆ ಉಳಿಯುವುದಿಲ್ಲ. ಆ ಹಾಡು ನಮ್ಮ ಕೈಯಲ್ಲಿ ಕೆಂಡದಂತಾಯಿತು, ಎಲ್ಲಿಟ್ಟರೂ ಅಲ್ಲಿ ಸುಡುತ್ತಿತ್ತು. ಕೊನೆಗೆ ‘ದೋಸ್ತಿ’ಯ ಹಿಂದೆ ಇಡುವುದೆಂದು ತೀರ್ಮಾನಿಸಿ, ಹೊಸ ಸಾಲನ್ನು ಖಾಜಾನ ಫೋನಿಗೆ ಕಳಿಸಿದೆ. ಅವನು ನೋಡಿದನೆಂಬ ಗುರುತು ಬಂತು. ಉತ್ತರ ಬರಲಿಲ್ಲ. ಖಾಜಾ ಎಂದರೆ ಶುಭೋದಯಕ್ಕೆ ಮೂರು ಸಲ ಉತ್ತರಿಸುವ ಮನುಷ್ಯ.

ಶುಕ್ರವಾರ ರಜೆ ಹಾಕಿ ಬೆಳಗಿನ ಬಸ್ಸಿಗೆ ರಾಯಚೂರಿಗೆ ಹೋದೆ. ಖಾಜಾ ಅಂಗಡಿಯಲ್ಲಿ ಒಂದು ದೊಡ್ಡ ಗಾದಿಯ ಮೇಲೆ ಕುಳಿತು ಉದ್ದನೆಯ ಸೂಜಿಯಿಂದ ಹೊಲಿಗೆ ಹಾಕುತ್ತಿದ್ದ. ತಲೆ ಎತ್ತಲಿಲ್ಲ.

“ಮೆಸೇಜ್ ನೋಡಿದಿ?”

“ನೋಡೀನಿ.” ಸೂಜಿ ಒಳಗೆ ಹೋಗಿ ಹೊರಗೆ ಬಂತು. “ದೋಸ್ತಿ ಆತು, ಉಸಿರು ಕಟ್ಟಿತು. ನಾಲ್ಕನೆ ಇಯತ್ತೆಯಿಂದ ಕೂಡಿ ಆಡಿದವ್ರು. ಯಾವಾಗ ಕಟ್ಟಿತಲೇ ನಿನಗ ಉಸಿರು, ನನ್ನಿಂದ?”

“ಖಾಜಾ, ಅದು ಬರೇ ಹಾಡಲೇ.”

“ವೀರೇಶ ಎಲ್ಲ ಹೇಳ್ಯಾನ. ಹೆಂಡ್ತಿ ಸಿಟ್ಟಾದಳು ಅಂತ ಆಕಿ ತಲಿ ಮ್ಯಾಲಿಂದು ತಗದು ನನ್ನ ತಲಿ ಮ್ಯಾಲ ಇಟ್ಟಿ. ನಾ ಏನೂ ಅನ್ನಲ್ಲ ಅಂತ ಧೈರ್ಯ. ಭಾಭಿಕಿಂತ ನಾ ಸಸ್ತಾ ಏನು?” ಈಗ ತಲೆ ಎತ್ತಿದ. ಕಣ್ಣು ಕೆಂಪಾಗಿದ್ದವು, ಹತ್ತಿಯ ಧೂಳಿಗೋ ಏನೋ. “ನಾಳೆ ಸ್ಟುಡಿಯೋಕ್ಕ ನಾ ಬರಲ್ಲ. ಮೊದಲ ದೇವದುರ್ಗಕ್ಕ ಹೋಗು, ಭಾಭಿಗೆ ಖರೇ ಹೇಳು. ಆ ಹಾಡು ನೀ ಎಲ್ಲಿ ಕೂತು ಬರದಿ ಅಂತ ನನಗ ಗೊತ್ತಿಲ್ಲೇನು? ಫೋನಿನ್ಯಾಗ ಓದಿ ಹೇಳಿದವ ನೀನ.”

ದೇವದುರ್ಗದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಖರೇ ಹೇಳುವುದನ್ನು ಅಭ್ಯಾಸ ಮಾಡುತ್ತ ಹೋದೆ. ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಮದುವೆಯಾದ ವರ್ಷ ನನ್ನನ್ನು ತಾತ್ಕಾಲಿಕವಾಗಿ ದೇವದುರ್ಗದ ಶಾಲೆಗೆ ನಿಯೋಜಿಸಿದರು. ಹನ್ನೊಂದು ತಿಂಗಳು ಮಾವನ ಮನೆಯಲ್ಲೇ ಇದ್ದೆ. ಮಾವನವರು ಜೋಳದ ವ್ಯಾಪಾರ ಮಾಡಿದವರು, ಕೇಡೆಂಬುದನ್ನೇ ಅರಿಯದ ಮನುಷ್ಯ. ಅವರ ಪ್ರೀತಿಗೆ ಮಾತ್ರ ಬಾಗಿಲು ತಟ್ಟಿ ಗೊತ್ತಿರಲಿಲ್ಲ. ನಾನು ಉಣ್ಣುವಾಗ ಎದುರು ಕುಳಿತು ತಾಟನ್ನೇ ನೋಡುವರು. ನಾನು ಸ್ನಾನಕ್ಕೆ ಹೋದರೆ ನೀರು ಕಾದಿದೆಯೋ ಎಂದು ಹೊರಗೆ ನಿಂತು ಕೇಳುವರು. ನನ್ನ ಕೀಬೋರ್ಡನ್ನು ಹಾರ್ಮೋನಿಯಂ ಎಂದೇ ತಿಳಿದು ಸೋಮವಾರಕ್ಕೊಮ್ಮೆ ಓಣಿಯವರನ್ನೆಲ್ಲ ಭಜನೆಗೆ ಕರೆತರುವರು. ನಾನು ಜೋಳದ ಚೀಲ ಒಟ್ಟಿದ ಸಣ್ಣ ಖೋಲಿಯಲ್ಲಿ ಚಿಲಕ ಹಾಕಿಕೊಂಡು ಕೂರತೊಡಗಿದೆ. ಆ ಹಾಡು ಹುಟ್ಟಿದ್ದು ಅಲ್ಲಿ. ಅಂದರೆ ಬುಧವಾರ ಸಂಜೆ ನನ್ನ ಹೆಂಡತಿ ಕೇಳಿಸಿಕೊಂಡದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಮದುವೆಯಾಯಿತು, ಉಸಿರು ಕಟ್ಟಿತು. ಅದನ್ನು ನಾನೇ ಸಾಲಾಗಿ ಜೋಡಿಸಿಯೂ ಶ್ರುತಿಯ ನೆಪದಲ್ಲಿ ನೋಡದೇ ಇದ್ದೆ.

ಮನೆ ಸೇರಿದಾಗ ಮಾವನವರು ಮೊದಲು ಉಣ್ಣಿಸಿದರು. ನಾಲ್ಕು ರೊಟ್ಟಿ ತಿಂದ ಮೇಲೆ ಸತ್ಯ ಹೇಳುವುದು ಬಹಳ ಕಷ್ಟ. ಸುಮಂಗಲಾ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಳು. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ನಾನು ನಿಂತೇ ಹೇಳಿದೆ. ಹನ್ನೊಂದು ತಿಂಗಳು, ತಾಟು, ಭಜನೆ, ಚೀಲಗಳ ಖೋಲಿ, ಚಿಲಕ, ಎಲ್ಲ. ಅವಳು ಮೆಣಸಿನಕಾಯಿ ಮಗುಚುವುದನ್ನು ನಿಲ್ಲಿಸಲಿಲ್ಲ. ಮಾತು ಮುಗಿದ ಮೇಲೂ ನಿಲ್ಲಿಸಲಿಲ್ಲ. ಕೆಳಗೆ ಯಾರೋ ಕೂಸನ್ನು ತೂಗುತ್ತಿದ್ದರು, ತೊಟ್ಟಿಲಿನ ಸದ್ದು ಮಾತ್ರ ಬರುತ್ತಿತ್ತು. ಇನ್ನು ನನ್ನ ಪಾಲಿಗೆ ಮಾನ್ವಿಯ ಬಸ್ಸೇ ಗತಿ ಎಂದುಕೊಳ್ಳುವಾಗ ಅವಳು ಬಾಯಿ ಬಿಟ್ಟಳು.

“ನೀವು ಖೋಲ್ಯಾಗ ಹೋಗಿ ಚಿಲಕ ಹಾಕ್ಕೋತಿದ್ರಿ. ಹೊರಗ ಅಪ್ಪ, ಅಳಿಯಾರಿಗೆ ಏನ್ ಆತು ಅಂತ ನನ್ನ ಕೇಳ್ತಿದ್ದ. ನಾ ಅವಂಗ ನಕ್ಕು ಹೇಳ್ಬೇಕು, ನೀವು ಹೊರಗ ಬಂದ್ರ ನಿಮಗೂ ನಕ್ಕು ಹೇಳ್ಬೇಕು. ನನಗೂ ಆ ವರ್ಷ ಉಸಿರು ಕಟ್ಟಿತ್ತುರೀ. ನಾ ಹಾಡು ಬರಿಲಿಲ್ಲ, ಅಷ್ಟ.”

ಹದಿನಾಲ್ಕು ವರ್ಷ ಒಂದೇ ಸೂರಿನಡಿ ಇದ್ದು, ಆ ವರ್ಷ ಆ ಮನೆಯಲ್ಲಿ ಇನ್ನೊಬ್ಬರೂ ಇದ್ದರೆಂಬುದೇ ನನ್ನ ಹನ್ನೊಂದು ನಿಮಿಷದಲ್ಲಿ ಎಲ್ಲೂ ಬಂದಿರಲಿಲ್ಲ. ಪಕ್ಕದಲ್ಲಿ ಕುಳಿತು ನಾನೂ ಮೆಣಸಿನಕಾಯಿ ಮಗುಚಿದೆ. ಅದೇ ಕೈಯಿಂದ ಕಣ್ಣು ಒರೆಸಿಕೊಂಡೆ. ಆಮೇಲೆ ಹತ್ತು ನಿಮಿಷ ಅವಳು ನನ್ನ ಮುಖಕ್ಕೆ ನೀರು ಎರಚುತ್ತ ನಗುತ್ತಿದ್ದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ನಾನು ಅತ್ತದ್ದಕ್ಕೆ ಸಾಕ್ಷಿ ಸಿಕ್ಕಿತು, ಕಾರಣ ಮಾತ್ರ ಖಾರದ್ದೆಂದೇ ಉಳಿಯಿತು.

“ಹಂಗಾರ ಅಕ್ಷತೆಕಿಂತ ಮೊದಲ ಇಡ್ಲೇನು? ಉಸಿರು ಕಟ್ಟಿತ್ತು, ಮದಿವಿ ಆತು” ಎಂದೆ, ಕಣ್ಣು ಮುಚ್ಚಿಕೊಂಡೇ.

“ಬ್ಯಾಡ. ಮದಿವಿಯಿಂದ ಉಸಿರು ಬಂತು ಅಂತ ಯಾರ್ ಅಂದ್ರು? ಅದೂ ಸುಳ್ಳ.” ನೀರಿನ ಚೊಂಬು ಕೆಳಗಿಟ್ಟು ಹೇಳಿದಳು, “ಚಿಲಕ ಹಾಕಿದವ್ರು ನೀವ. ನಿಮ್ಮದ ಒಂದು ಹಾಡು ಅದಲ್ಲ, ಕನ್ನಡಿ, ಅದನ್ನ ಹಿಂದಕ್ಕ ತರ್ರಿ. ಅದರ ಬೆನ್ನಿಗೆ ಇದನ್ನ ಹಚ್ಚರಿ. ಆಮ್ಯಾಲ ಬಯಲು.”

ಕಾಲುವೆ, ದೋಸ್ತಿ, ಅಕ್ಷತೆ, ಪಾಳಿ, ಕನ್ನಡಿ, ಉಸಿರು ಕಟ್ಟಿತು, ಬಯಲು. ಅದೇ ಏಳು ಹಾಡು. ಈಗ ಕಥೆಯೇ ಬೇರೆ. ಎಲ್ಲವೂ ಇದ್ದ ಮನುಷ್ಯ ಕನ್ನಡಿಯೆದುರು ನಿಂತು, ತನ್ನಿಂದಲೇ ತನಗೆ ಉಸಿರು ಕಟ್ಟಿದೆಯೆಂದು ಕಂಡುಕೊಂಡು, ಬಾಗಿಲು ತೆಗೆದು ಹೊರಗೆ ಬರುತ್ತಾನೆ. ಆಲ್ಬಮ್ಮಿಗೆ ವಿಚಾರ ಕೊಟ್ಟವನು ನಾನೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಅದರ ವಿಚಾರ ಏನೆಂದು ನನಗೆ ತಿಳಿದದ್ದು ಆ ಮಾಳಿಗೆಯ ಮೇಲೆ.

ಶನಿವಾರ ರಾಯಚೂರಿನ ಸ್ಟುಡಿಯೋಗೆ ಹೋದಾಗ ಖಾಜಾ ನನಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕುಳಿತಿದ್ದ. ಸಾಲು ಹೇಳಿದೆ. “ಭಾಭಿ ಮಾಡ್ಯಾಳಲ್ಲ?” ಎಂದ. ಹೌದೆಂದೆ. “ಗೊತ್ತಾತು” ಎಂದು ಎದ್ದ. ಶ್ರುತಿಯ ತೊಂದರೆ ಇದ್ದೇ ಇತ್ತು. ‘ಕನ್ನಡಿ’ ಮುಗಿಯುವ ಸ್ವರಕ್ಕೂ ‘ಉಸಿರು ಕಟ್ಟಿತು’ ಹೊರಡುವ ಸ್ವರಕ್ಕೂ ಏನೇನೂ ಹೊಂದುವುದಿಲ್ಲ. ಖಾಜಾ ಅಂಗಡಿಗೆ ಹೋಗಿ ಅವನ ಅಜ್ಜ ಹತ್ತಿ ಹಿಂಜುತ್ತಿದ್ದ ಹಳೆಯ ಬಿಲ್ಲನ್ನು ತಂದ. ಅದರ ತಂತಿ ಮೀಟಿದರೆ ಯಾವ ಶ್ರುತಿಗೂ ಸೇರದ ಒಂದು ಝೇಂಕಾರ. ಎರಡು ಹಾಡುಗಳ ನಡುವೆ ಅರ್ಧ ನಿಮಿಷ ಅದನ್ನೇ ಬಾರಿಸಿದ. ನನ್ನ ಎರಡು ತಿಂಗಳ ಬೆಸುಗೆಗಿಂತ ಅದು ಚೆನ್ನಾಗಿತ್ತು. ಹೊಟ್ಟೆ ಉರಿಯಿತು.

ಭಾನುವಾರ ಹೆಸರಿಡುವುದು ಮುಗಿದು, ಊಟವಾಗಿ, ಬಂದವರು ಹೋದ ಮೇಲೆ ಸುಮಂಗಲಾಳ ತಮ್ಮ, ಭಾವ ಮಾಡಿದ ಹಾಡು ಕೇಳೋಣವೆಂದು ಸ್ಪೀಕರ್ ತಂದಿಟ್ಟ. ಬೇಡವೆನ್ನುವಷ್ಟರಲ್ಲಿ ‘ಕಾಲುವೆ’ ಶುರುವಾಗಿತ್ತು. ಮಾವನವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತರು. ನಿದ್ದೆ ಹೋಗಲಿ ದೇವರೇ ಎಂದು ಬೇಡಿಕೊಂಡೆ. ‘ಪಾಳಿ’ಯ ಹೊತ್ತಿಗೆ ಗೊರಕೆಯ ಸೂಚನೆಯೂ ಇತ್ತು. ಬಿಲ್ಲಿನ ಝೇಂಕಾರಕ್ಕೆ ಎಚ್ಚರವಾದರು. ಆಮೇಲೆ ವೀರೇಶನ ದನಿ ಬಂತು: ಚೀಲದ ಮ್ಯಾಲ ಚೀಲ, ಎದಿಯ ಮ್ಯಾಲ ಚೀಲ.

ಮಾವನವರು ಪೂರ್ತಿ ಕಣ್ಣು ತೆರೆದರು. ಸಣ್ಣ ಖೋಲಿಯ ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು. “ಅಳಿಯಾರ, ಇದು ಎಲ್ಲಿ ಕೂತು ಬರದ್ರಿ?”

ಸುಮಂಗಲಾ ಕೂಸನ್ನು ಎತ್ತಿಕೊಂಡು ನಿಂತಿದ್ದಳು, ಸಹಾಯಕ್ಕೆ ಬರುವ ಲಕ್ಷಣ ಕಾಣಲಿಲ್ಲ. “ಇಲ್ಲೇ ರೀ ಮಾವಾರ” ಎಂದೆ. “ಆ ಖೋಲ್ಯಾಗ.”

ಹನ್ನೊಂದು ನಿಮಿಷ ಎಷ್ಟು ದೊಡ್ಡದೆಂದು ನನಗೆ ಗೊತ್ತಾದದ್ದು ಆವತ್ತು. ಅವರು ನೆಲ ನೋಡುತ್ತ ಕೊನೆಯವರೆಗೂ ಕೇಳಿದರು. ಹಾಡು ಮುಗಿಯಿತು.

“ನಮ್ಮ ಮಾವನ ಮನ್ಯಾಗೂ ಹಿಂಗ ಒಂದು ಖೋಲಿ ಇತ್ತು” ಎಂದರು ನಿಧಾನವಾಗಿ. “ಅದರಾಗ ಮೇವು ಒಟ್ಟಿದ್ರು. ನಾ ಎರಡು ವರ್ಷ ಕುಂತೀನಿ.”

ಅತ್ತೆಯವರು ಅಡಿಗೆಮನೆಯಿಂದ ಇಣುಕಿ ನೋಡಿ ಮರೆಯಾದರು. ‘ಬಯಲು’ ಶುರುವಾಗಿತ್ತು, ಬಾಗಿಲು ತೆಗೆದು ಮನುಷ್ಯ ಹೊರಗೆ ಕಾಲಿಡುವ ಜಾಗ, ಇಡೀ ಕಥೆಗೆ ಅರ್ಥ ಬರುವ ಜಾಗ. ಮಾವನವರು ಕೈ ಎತ್ತಿ ಅದನ್ನು ನಿಲ್ಲಿಸಿದರು.

“ಇದು ಬ್ಯಾಡ. ಹಿಂದಿಂದ ಹಾಕ್ರಿ. ಅದೊಂದ.” ಮತ್ತೆ ಕೇಳಿದರು, ಮತ್ತೊಮ್ಮೆ ಕೇಳಿದರು. ಆಮೇಲೆ ಜೇಬಿನಿಂದ ಫೋನು ತೆಗೆದು ನನ್ನ ಕೈಗೆ ಕೊಟ್ಟು, “ಅದೊಂದ ಇದಕ್ಕ ಹಾಕಿ ಕೊಡ್ರಿ ಅಳಿಯಾರ. ಬಾಕಿ ಆರು ಯಾಕ ಮಾಡಿದ್ರಿ?” ಎಂದರು.