ಮಾವನ ಡಿಸೈನುಗಳಿಗೆ ನಾನು ಮಾಡಿದ ಬ್ಯಾಕಪ್ಪು

ತೊಂಬತ್ತರ ದಶಕದ ಕೊನೆಯಲ್ಲಿ, ದೊಡ್ಡಬಳ್ಳಾಪುರಕ್ಕೆಲ್ಲ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಲ್ಲವನು ನಾನೊಬ್ಬನೇ ಎಂದು ನಂಬಿದ್ದೆ. ಅಲ್ಲ ಎನ್ನುವಷ್ಟು ಬಲ್ಲವರು ಯಾರೂ ಎದುರಿಗೆ ಸಿಗಲಿಲ್ಲ. ಹಾಗಾಗಿ ಅದು ನಿಜವೇ ಆಗಿಹೋಯಿತು!

ಪವರ್‌ಲೂಮಿನವರಿಗೆ ಸೀರೆಯ ಅಂಚು, ಸೆರಗಿನ ಡಿಸೈನು ಬರೆದುಕೊಡುವುದು ನನ್ನ ಕಸುಬು. ಕಲಿಸಿದವರು ಮಾವ, ಹೆಂಡತಿ ಶಾರದೆಯ ಅಪ್ಪ. ತೀರಿಕೊಂಡಾಗ ಒಂದು ಟ್ರಂಕು ಬಿಟ್ಟುಹೋದರು. ಅದರ ತುಂಬ, ಗ್ರಾಫ್ ಹಾಳೆಯ ಮೇಲೆ ಚೌಕ ಚೌಕ ತುಂಬಿಸಿ ಜೀವಮಾನವೆಲ್ಲ ಬರೆದ ಡಿಸೈನುಗಳು. ಹುಳ ಹತ್ತಿತ್ತು. ಎಂಟು ತಿಂಗಳು ಕೂತು ಅಷ್ಟನ್ನೂ ಕಂಪ್ಯೂಟರಿಗೆ ಏರಿಸಿದೆ.

"ಇನ್ನು ಈ ಹಾಳೆ ಯಾಕೆ? ಹುಳ ಬೀರುವಿಗೂ ಹರಡುತ್ತೆ" ಎಂದೆ.

"ಅಪ್ಪನ ಕೈಬರಹ ಕಣ್ರೀ."

"ಕಂಪ್ಯೂಟರಿಗೆ ಹುಳ ಹತ್ತಲ್ಲ ಕಣೇ!"

ಹಾಳೆಗಳು ಹಳೇ ಪೇಪರಿನವನ ತಕ್ಕಡಿ ಏರಿದವು. ಅವನ ಗಾಡಿ ಬೀದಿ ದಾಟುವವರೆಗೂ ಶಾರದೆ ಹೊರಗೆ ಬರಲಿಲ್ಲ.

"ಕಂಪ್ಯೂಟರೇ ಕೆಟ್ರೆ?" ಎಂದು ಸಂಜೆ ಕೇಳಿದಳು. ಅದಕ್ಕೆಂದೇ ಬೆಂಗಳೂರಿನಿಂದ, ಬೇಕೆಂದಾಗ ಸಿಕ್ಕಿಸಿ ಬೇಡವಾದಾಗ ತೆಗೆಯಬಹುದಾದ ಡಿಸ್ಕೊಂದನ್ನು ತಂದೆ. ಲಿನಕ್ಸಿನಲ್ಲಿ ಡಿಸ್ಕು ತೂರಿಸಿದರೆ ಸಾಲದು, ಪ್ರತಿಸಲ ಆಜ್ಞೆ ಕೊಟ್ಟು ಜೋಡಿಸಬೇಕು. ದಿನಾ ಅದನ್ನು ಮಾಡಲು ನಾನೇನು ಗುಮಾಸ್ತನೇ? ಡಿಸ್ಕನ್ನು ತಾನೇ ಜೋಡಿಸಿಕೊಳ್ಳುವ ಒಂದು ಪ್ರೋಗ್ರಾಮು ಹೂಡಿದೆ. ಮಧ್ಯಾಹ್ನ ಒಂದಕ್ಕೆ, ನಾನು ಊಟಕ್ಕೆ ಕೂತಾಗ, ಡಿಸೈನುಗಳನ್ನು ಡಿಸ್ಕಿನ ಫೋಲ್ಡರಿಗೆ ನಕಲು ಮಾಡಲು ಇನ್ನೊಂದು. ಫೋಲ್ಡರು ಕಾಣದೆ ಅದು ಗಾಬರಿಯಾಗಬಾರದಲ್ಲ? 'ಇಲ್ಲದಿದ್ದರೆ ನೀನೇ ಹೊಸದು ಮಾಡಿಕೋ' ಎಂಬ ಸಾಲನ್ನೂ ಸೇರಿಸಿದೆ. ಒಂದು ಪುಟ್ಟ ಫೈಲು ಕಳಿಸಿ ನೋಡಿದೆ. ಹೋಯಿತು! ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಬೆಳಿಗ್ಗೆ ಕರೆಂಟು ಹೋಗಿ ಬಂತು. ಕಂಪ್ಯೂಟರನ್ನು ಮತ್ತೆ ಹಾಕಿದಾಗ ನಕಲು ಮಾಡುವ ಪ್ರೋಗ್ರಾಮು ಎದ್ದಿತು. ಡಿಸ್ಕು ಜೋಡಿಸುವುದು ಏಳಲಿಲ್ಲ. ಕಂಪ್ಯೂಟರು ಶುರುವಾದಾಗ ಎಬ್ಬಿಸಬೇಕಾದವರ ಪಟ್ಟಿಯಲ್ಲಿ ಅದರ ಹೆಸರು ಬರೆಯುವುದನ್ನೇ ನಾನು ಮರೆತಿದ್ದೆ. ಒಂದು ಗಂಟೆಗೆ ನಕಲಿನ ಪ್ರೋಗ್ರಾಮು ಡಿಸ್ಕಿನ ಫೋಲ್ಡರು ಹುಡುಕಿತು, ಸಿಗಲಿಲ್ಲ. ನನ್ನ ಅಪ್ಪಣೆಯಂತೆ ಕಂಪ್ಯೂಟರಿನ ಒಳಗೇ ಒಂದು ಮಾಡಿಕೊಂಡು ಎಲ್ಲವನ್ನೂ ಅಲ್ಲಿಗೇ ತುಂಬಿತು. 'ಮುಗಿಯಿತು' ಎಂದು ವರದಿಯನ್ನೂ ಬರೆಯಿತು. ಹೀಗೆ ಐದು ತಿಂಗಳು! ನನಗೆ ಇದೆಲ್ಲ ತಿಳಿದದ್ದು ಆಮೇಲೆ. ಆಗ ದಿನಾ ವರದಿ ಓದಿ, ಖುಷಿಗೆ ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಿದ್ದೆ.

ಒಂದು ದಿನ ಕಂಪ್ಯೂಟರಿನೊಳಗಿನ ಹಾರ್ಡ್ ಡಿಸ್ಕು ಟಕ್ ಟಕ್ ಅಂದಿತು. ನಿಂತಿತು.

"ಹೋಯ್ತಾ?" ಶಾರದೆ ಓಡಿ ಬಂದಳು.

"ಹೋದ್ರೆ ಹೋಗ್ಲಿ ಬಿಡು. ಎಲ್ಲಾ ಡಿಸ್ಕಲ್ಲಿದೆ!"

ಹೊಸ ಹಾರ್ಡ್ ಡಿಸ್ಕು ಹಾಕಿಸಿ, ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಬ್ಯಾಕಪ್ ಡಿಸ್ಕು ತೆರೆದೆ. ಇದ್ದದ್ದು ಒಂದೇ ಫೈಲು. ಹೆಸರು, ಟೆಸ್ಟ್.

"ಇದ್ರಲ್ಲಿ ಅಪ್ಪನದು ಯಾವುದ್ರೀ?"

ಐದು ತಿಂಗಳ ನಕಲೆಲ್ಲ ಆ ಕೆಟ್ಟ ಹಾರ್ಡ್ ಡಿಸ್ಕಿನ ಜೊತೆಗೇ ಹೋಗಿತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮೂರನೆಯ ದಿನ ಭೂತಗನ್ನಡಿ, ಗ್ರಾಫ್ ಹಾಳೆ ಹಿಡಿದು ಬಾಗಿಲಲ್ಲಿ ನಿಂತಳು. "ಡಿಸೈನ್ ಹೋಯ್ತು. ಅದ್ರಲ್ಲಿ ನೇಯ್ದ ಸೀರೆ ಇನ್ನೂ ಯಾರ್ಯಾರ ಮನೇಲೋ ಇರುತ್ವೆ. ನಡೀರಿ."

ಮೊದಲನೇ ಮನೆಯ ಕದ ನಾನೇ ತಟ್ಟಿದೆ. ಬಾಗಿಲು ತೆಗೆದ ಹೆಂಗಸಿಗೆ, "ಅಮ್ಮಾ, ನಿಮ್ಮ ಸೆರಗು ಸ್ವಲ್ಪ ತೋರಿಸ್ತೀರಾ?" ಎಂದೆ. ಆಕೆ ಗಂಡನನ್ನು ಕೂಗಿದಳು. ಹಿಂದಿನಿಂದ ಶಾರದೆ ಬರದಿದ್ದರೆ ಅಂದು ನನಗೂ ಒಂದು ಬ್ಯಾಕಪ್ ಬೇಕಾಗುತ್ತಿತ್ತು!

"ಇನ್ಮೇಲೆ ನೀವು ಬಾಯಿ ಬಿಡಬೇಡಿ" ಎಂದಳು.

ಆ ಇಡೀ ಟ್ರಂಕಿನಲ್ಲಿ ಇಲ್ಲಿಯವರೆಗೆ ಮರಳಿ ಸಿಕ್ಕಿದ್ದು ಹನ್ನೊಂದು. ಹನ್ನೆರಡನೆಯದಕ್ಕೆ ಮೊನ್ನೆ ರಂಗಮ್ಮ ಎಂಬ ಅಜ್ಜಿ ತಮ್ಮ ಮದುವೆ ಸೀರೆ ತೆಗೆದರು.

"ಅಪ್ಪನ ಗಿಣಿ! ಕೊಕ್ಕು ಹೀಗೆ ಬಗ್ಗಿಸೋರು ಅವರೊಬ್ಬರೇ" ಎಂದಳು ಶಾರದೆ. ಕಣ್ಣೊರೆಸಿಕೊಳ್ಳುತ್ತಲೇ ಭೂತಗನ್ನಡಿ ಇಟ್ಟು ಎಳೆ ಎಣಿಸಿದಳು, ಚೌಕ ತುಂಬಿದಳು. ಅಂಚನ್ನು ಬೆಳಕಿಗೆ ಬಿಗಿಯಾಗಿ ಹಿಡಿದುಕೊಳ್ಳುವುದಷ್ಟೇ ನನಗೆ ವಹಿಸಿದ್ದ ಕೆಲಸ. ಅಲುಗಾಡದೆ ಒಂದು ಗಂಟೆ ಹಿಡಿದೆ.

ಅಜ್ಜಿ ಬಗ್ಗಿ ನೋಡಿದರು. "ಏನಪ್ಪಾ, ಸೀರೆಯ ಒಳಮೈ ಮೇಲ್ಮಾಡಿ ಹಿಡ್ಕೊಂಡಿದ್ದೀಯಲ್ಲ!"

ಬಲಕ್ಕೆ ನೋಡಬೇಕಾದ ಮಾವನ ಗಿಣಿ ಹಾಳೆಯ ಮೇಲೆ ಎಡಕ್ಕೆ ನೋಡುತ್ತಿತ್ತು. ಶಾರದೆ ನನ್ನ ಕೈಯಿಂದ ಸೀರೆ ತೆಗೆದುಕೊಂಡು, ಹಿಡಿದುಕೊಳ್ಳಲು ಅಜ್ಜಿಯ ಕೈಗೆ ಕೊಟ್ಟಳು.