ಎಲುಬಿನೊಳಗಿನ ಕಲ್ಲುಸಕ್ಕರೆ

ಕೊಟ್ರೇಶನಿಗೆ ಬಿಳಿ ಉಪ್ಪು ಕಂಡರೆ ಆಗುತ್ತಿರಲಿಲ್ಲ. ಊಟದ ಉಪ್ಪಲ್ಲ, ಬೋರ್‌ವೆಲ್ ನೀರು ಗೀಸರಿನ ಕಾಯಿಲ್ ಮೇಲೆ, ನಲ್ಲಿಯ ಮೂತಿಯಲ್ಲಿ, ಬಕೆಟ್ಟಿನ ತಳದಲ್ಲಿ ಕಟ್ಟುತ್ತದಲ್ಲ, ಆ ಉಪ್ಪು. ಕಾಮಾಕ್ಷಿಪಾಳ್ಯದ ಗೀಸರ್ ರಿಪೇರಿ ಅಂಗಡಿಯಲ್ಲಿ ಅವನ ಹೊಟ್ಟೆಪಾಡು ನಡೆಯುತ್ತಿದ್ದದ್ದೇ ಅದನ್ನು ಆಸಿಡ್ಡಿನಲ್ಲಿ ಕರಗಿಸುವುದರಿಂದ. ನೆಂಟರ ಮನೆಗೆ ಹೋದರೂ ಕಾಲು ತೊಳೆಯುವ ನೆಪದಲ್ಲಿ ಬಚ್ಚಲು ಹೊಕ್ಕು ನಲ್ಲಿ ಕೆರೆದು ಬರುವ ಆಸಾಮಿ. ತನಗೆ ಅನ್ನ ಹಾಕುವ ಉಪ್ಪಿನ ಮೇಲೆ ಇಷ್ಟು ಹಗೆ ಸಾಧಿಸುವವರು ಅಪರೂಪ.

ಇಂಥವನ ಕೈಗೆ ಆ ಭಾನುವಾರ ಬೆಳಿಗ್ಗೆ, ಕೆಳಗಿನ ಮನೆಯ ಮಾಲೀಕರಾದ ರೇವಣಸಿದ್ದಪ್ಪನವರು ಮಹಡಿ ಹತ್ತಿ ಬಂದು ಒಂದು ಎಲುಬು ಕೊಟ್ಟರು.

ಎಲುಬೆಂದರೆ ಬಿರಿಯಾನಿಯದಲ್ಲ. ರೇವಣಸಿದ್ದಪ್ಪನವರು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದವರು. ಓದುವ ಕಾಲದಲ್ಲಿ ತಮಿಳುನಾಡಿನ ಯಾವುದೋ ಸುಣ್ಣದಕಲ್ಲಿನ ಗಣಿಯಲ್ಲಿ ಅವರೇ ಅಗೆದು ತೆಗೆದ ಡೈನೋಸಾರಿನ ತೊಡೆಮೂಳೆಯ ತುಂಡು ಅದು. ಕೋಟಿಗಟ್ಟಲೆ ವರ್ಷ ಮಣ್ಣಿನಲ್ಲಿದ್ದು ಕಲ್ಲಾಗಿ, ರುಬ್ಬುವ ಗುಂಡಿನಷ್ಟು ಭಾರವಾಗಿತ್ತು. ಒಂದು ತುದಿ ಮುರಿದು ಒಳಗಿನ ಪೊಳ್ಳು ಕಾಣುತ್ತಿತ್ತು.

"ಸಾಯಂಕಾಲ ವಿಜಯನಗರದ ಹಾಲ್‌ನಲ್ಲಿ ನನ್ನ ಹಳೇ ಸ್ಟೂಡೆಂಟ್ಸು ಸನ್ಮಾನ ಇಟ್ಕೊಂಡಿದಾರಲ್ಲಪ್ಪ, ಅಲ್ಲಿ ಇದನ್ನ ತೋರಿಸ್ಬೇಕು. ನನ್ನ ಕೈ ನಡುಗುತ್ತೆ. ಸ್ವಲ್ಪ ಕ್ಲೀನ್ ಮಾಡಿಡ್ತೀಯಾ? ನಿನಗೆ ಹೇಗೆ ತೋಚುತ್ತೋ ಹಾಗೆ ಮಾಡು."

ಕೊಟ್ರೇಶನಿಗೆ ಕಣ್ಣು ತುಂಬಿ ಬಂತು. ಅದಕ್ಕೆ ಕಾರಣವಿದೆ. ಅವನ ಮಗಳು ರಕ್ಷಾ ಹುಟ್ಟಿದ್ದೇ ರೇವಣಸಿದ್ದಪ್ಪನವರ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ. ಹೆಂಡತಿ ನೀಲಾಂಬಿಕೆಗೆ ನೋವು ಕಾಣಿಸಿಕೊಂಡ ದಿನ ಆಟೋದವರ ಮುಷ್ಕರ. ಹಿರಿಯರು ಪಂಚೆಯಲ್ಲೇ ಓಡಿಬಂದು ಕಾರು ತೆಗೆದರು. ಮಾಗಡಿ ರಸ್ತೆಯ ಟೋಲ್‌ಗೇಟ್ ಸಿಗ್ನಲ್ಲಿನಲ್ಲಿ ಕಾರು ನಿಂತಿತು, ಮಗು ನಿಲ್ಲಲಿಲ್ಲ. ಹಾಳಾದ ಸೀಟ್ ಕವರಿನ ಮಾತನ್ನು ಅವರು ಇವತ್ತಿನವರೆಗೂ ಎತ್ತಿದವರಲ್ಲ. ಅಂದಿನಿಂದ ಕೊಟ್ರೇಶ ಆ ಋಣ ತೀರಿಸುವ ದಾರಿ ಹುಡುಕುತ್ತಲೇ ಇದ್ದ. ಅವನಿಗೆ ಗೊತ್ತಿದ್ದದ್ದು ಗೀಸರ್ ರಿಪೇರಿ ಒಂದೇ. ರೇವಣಸಿದ್ದಪ್ಪನವರಾದರೋ ವರ್ಷವಿಡೀ ತಣ್ಣೀರು ಸ್ನಾನದವರು. ಈಗ ಮೊದಲ ಸಲ ಅವರಾಗಿ ಒಂದು ಕೆಲಸ ಹೇಳಿದ್ದರು.

"ಪಳಪಳ ಅನ್ನಿಸಿಬಿಡ್ತೀನಿ ಸಾರ್," ಎಂದ ಕೊಟ್ರೇಶ. ಹಿರಿಯರು ಅವನ ಮುಖವನ್ನೊಮ್ಮೆ ನೋಡಿ ಕೆಳಗಿಳಿದರು.

ಮೂಳೆಯ ಹೊರಮೈಯನ್ನು ಬ್ರಷ್ಷಿನಲ್ಲಿ ಉಜ್ಜಿ ಮುಗಿಸಿದ ಮೇಲೆ ಕೊಟ್ರೇಶ ಒಳಗಿನ ಪೊಳ್ಳನ್ನು ಕಂಡ. ಕಂಡವನ ಕೈ ಕಡಿಯತೊಡಗಿತು. ಒಳಗೆಲ್ಲ ದಪ್ಪಗೆ, ಬೆಳ್ಳಗೆ ಉಪ್ಪು ಕಟ್ಟಿತ್ತು.

"ಅಯ್ಯೋ ಪಾಪ, ಇಷ್ಟು ವರ್ಷದಿಂದ ಯಾರೂ ತೊಳೆದೇ ಇಲ್ವಲ್ಲ," ಎಂದು ಮರುಗಿ, ಟೆರೇಸಿಗೆ ಒಯ್ದು, ಹಳೆಯ ಬಕೆಟ್ಟಿನಲ್ಲಿ ಆಸಿಡ್ ನೀರು ಮಾಡಿ ಮೂಳೆಯನ್ನು ಮುಳುಗಿಸಿದ. ಬುಸ್ಸೆಂದು ನೊರೆ ಉಕ್ಕಿತು. ಆ ಸದ್ದು ಅವನಿಗೆ ಸಂಗೀತದ ಹಾಗೆ. ನೊರೆ ನಿಂತಾಗ ತೆಗೆದು ನೋಡಿದರೆ ಬಿಳಿ ಉಪ್ಪು ಹೆಸರಿಗೂ ಇರಲಿಲ್ಲ; ಪೊಳ್ಳಿನ ಗೋಡೆಗೆಲ್ಲ ತುಕ್ಕಿನ ಬಣ್ಣದ ಕೆಸರಷ್ಟೇ ಮೆತ್ತಿಕೊಂಡಿತ್ತು. ಬಕೆಟ್ಟಿನ ನೀರನ್ನು ಮೋರಿಗೆ ಚೆಲ್ಲಿ, ಎದೆಯುಬ್ಬಿಸಿಕೊಂಡು ಹೆಂಡತಿಗೆ ತೋರಿಸಿದ.

ನೀಲಾಂಬಿಕೆಗೆ ಈಗ ಎರಡನೆಯ ಬಸಿರು. ಡಾಕ್ಟರು ಇನ್ನೂ ಮೂರು ವಾರ ಇದೆ ಎಂದಿದ್ದರು. ಈ ಸಲ ಯಾರಿಗೂ ತೊಂದರೆ ಕೊಡಬಾರದೆಂದು ಕೊಟ್ರೇಶ ಆಂಬುಲೆನ್ಸಿನ ನಂಬರನ್ನು ಫ್ರಿಡ್ಜಿನ ಮೇಲೆ ಅಂಟಿಸಿಟ್ಟಿದ್ದ. ಸೊಂಟ ಹಿಡಿದುಕೊಂಡು ಬಂದ ಅವಳು ಮೂಳೆಯೊಳಗೆ ಇಣುಕಿ ನೋಡಿ ಹಾಗೇ ಕುಸಿದು ಕೂತಳು.

"ರೀ! ಒಳಗಿದ್ದ ಹರಳು ಎಲ್ರೀ?"

"ಯಾವ ಹರಳು? ಉಪ್ಪಿತ್ತು, ತೆಗೆದೆ."

"ಅದು ಉಪ್ಪಲ್ಲ ಕಣ್ರೀ! ಆ ಪ್ರಾಣಿ ಸತ್ತು, ಮೂಳೆ ಒಳಗಿಂದೆಲ್ಲ ಕೊಳೆತು ಪೊಳ್ಳಾಗಿ, ಅದರೊಳಕ್ಕೆ ನೀರು ಜಿನುಗಿ ಜಿನುಗಿ ಹರಳು ಕಟ್ಟಿದ್ದಂತೆ. ಲಕ್ಷಾಂತರ ವರ್ಷ ಬೇಕಂತೆ ಅದಕ್ಕೆ. ಸರ್ ನನಗೆ ಎಷ್ಟು ಸಲ ತೋರಿಸಿದಾರೆ ಗೊತ್ತಾ? ಅದೇ ರೀ ಅವರ ಜೀವ!"

ಕೊಟ್ರೇಶ ಮೋರಿಯ ಕಡೆ ನೋಡಿದ. ಲಕ್ಷಾಂತರ ವರ್ಷ ಅಷ್ಟರಲ್ಲಿ ವೃಷಭಾವತಿ ಹೊಳೆಯ ದಾರಿ ಹಿಡಿದಿತ್ತು. ತನ್ನ ಮಗಳನ್ನು ಭೂಮಿಗೆ ತಂದ ಮನುಷ್ಯನ ಜೀವವನ್ನು ತಾನು ತೊಳೆದು ಚೆಲ್ಲಿದೆನಲ್ಲ ಎಂದು ಅಲ್ಲೇ ಕೂತು ಅಳತೊಡಗಿದ.

ಅಳುವ ಸದ್ದು ಕೇಳಿ ಪಕ್ಕದ ದಿನಸಿ ಅಂಗಡಿಯ ಮಡಿವಾಳಪ್ಪ ಬಂದ. ಕೇರಿಯಲ್ಲಿ ಯಾರ ಮನೆಯ ಕಷ್ಟವೂ ಮಡಿವಾಳಪ್ಪನ ಸಲಹೆ ಇಲ್ಲದೆ ಪೂರ್ತಿಯಾಗುತ್ತಿರಲಿಲ್ಲ. ಅವನು ಮೂಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಹರಳು ಹೇಗಿತ್ತಮ್ಮಾ?"

"ಬೆಳ್ಳಗೆ, ಮೂಲೆ ಮೂಲೆಯಾಗಿ, ಹೊಳೀತಾ ಇತ್ತು."

"ಇಷ್ಟೇನಾ! ಕಲ್ಲುಸಕ್ಕರೆ. ಅಂಗಡೀಲಿ ಚೀಲಗಟ್ಟಲೆ ಬಿದ್ದಿದೆ."

"ಸಾರ್ ಮೇಷ್ಟ್ರು ಕಣಣ್ಣ, ಕಂಡುಹಿಡೀತಾರೆ," ಎಂದ ಕೊಟ್ರೇಶ.

"ಸ್ಟೇಜ್ ಮೇಲೆ ದೂರದಿಂದ ತೋರಿಸ್ತಾರೆ ಕಣಯ್ಯ, ನೆಕ್ಕಿ ನೋಡ್ತಾರಾ? ಅಂಟಿಸೋಕೆ ಗಮ್ ಬೇಡ, ವಾಸನೆ ಬರುತ್ತೆ. ಸಕ್ಕರೆ ಪಾಕ ಮಾಡಮ್ಮಾ, ಎಳೆ ಪಾಕ."

ಬೇರೆ ದಾರಿ ಕಾಣದೆ ಕೊಟ್ರೇಶ ಒಪ್ಪಿದ. ನೀಲಾಂಬಿಕೆ ಬೈಯುತ್ತಲೇ ಪಾಕ ಮಾಡಿದಳು. ಮಡಿವಾಳಪ್ಪ ದೇವರ ಅಲಂಕಾರ ಮಾಡುವವನ ಶ್ರದ್ಧೆಯಿಂದ ಒಂದೊಂದೇ ಕಲ್ಲುಸಕ್ಕರೆ ಅಂಟಿಸಿದ. ಎರಡಕ್ಕೊಂದು ಬಾಯಿಗೂ ಹಾಕಿಕೊಂಡ. ಕೊನೆಗೆ ನೋಡಿದರೆ ಮೊದಲಿಗಿಂತ ಈಗಲೇ ಲಕ್ಷಣವಾಗಿತ್ತು. ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ಟೇಪ್ ಸುತ್ತಿದರು.

ಸಂಜೆ ರೇವಣಸಿದ್ದಪ್ಪನವರು ಎಲ್ಲರನ್ನೂ ತಮ್ಮ ಕಾರಿನಲ್ಲೇ ಕೂರಿಸಿಕೊಂಡು ಹೊರಟರು. "ಒಳಗೂ ಕ್ಲೀನ್ ಮಾಡಿದೆಯೇನಪ್ಪ?" ಎಂದು ಕೇಳಿದರು. "ಮಾಡಿದೀನಿ ಸಾರ್," ಎಂದ ಕೊಟ್ರೇಶ. ತೊಡೆಯ ಮೇಲಿನ ಡಬ್ಬಿಯ ಅಂಚಿನಲ್ಲಿ ಒಂದು ಇರುವೆ ಓಡಾಡುತ್ತಿತ್ತು. ಅದನ್ನು ಹೊಸಕಿದ. ಇನ್ನೊಂದು ಬಂತು.

ಹಾಲ್ ತುಂಬಿತ್ತು. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ರೇವಣಸಿದ್ದಪ್ಪನವರು ಮೈಕು ಹಿಡಿದರು.

"ಎಲುಬು ಪೊಳ್ಳಾದ್ರೆ ಜನ ಹೆದರ್ತಾರೆ. ಆದ್ರೆ ಹರಳು ಬೆಳೆಯೋಕೆ ಪೊಳ್ಳೇ ಬೇಕು. ಹೂಳಿನಲ್ಲಿ ಮುಚ್ಚಿಹೋದ ಮೂಳೆಗೆ ನೀರು ಇಳಿಯುತ್ತೆ. ನೀರು ಬರಿಗೈಲಿ ಬರೋದಿಲ್ಲ, ಕರಗಿದ ಖನಿಜ ಹೊತ್ಕೊಂಡು ಬರುತ್ತೆ. ಸಣ್ಣ ಸಣ್ಣ ರಂಧ್ರ ತುಂಬಿ ಮೂಳೇನೇ ಕಲ್ಲಾಗುತ್ತೆ. ದೊಡ್ಡ ಜಾಗ ಸಿಕ್ಕ ಕಡೆ ನಿಧಾನವಾಗಿ ಕೂತು ಹರಳಾಗುತ್ತೆ. ನಿಮ್ಮ ಮನೆ ಗೀಸರ್ ಒಳಗೆ ಉಪ್ಪು ಕಟ್ಟುತ್ತಲ್ಲ, ಅದರ ಹಿರಿಯಣ್ಣ ಅನ್ಕೊಳ್ಳಿ."

ಜನ ನಕ್ಕರು. ಕೊಟ್ರೇಶ ಕುರ್ಚಿಯ ಕೆಳಗೆ ಏನೋ ಬಿದ್ದವನಂತೆ ಬಗ್ಗಿದ.

ಹಿರಿಯರು ಟೇಪ್ ಕಿತ್ತು ಮೂಳೆಯನ್ನು ಎತ್ತಿದರು. ಒಳಗೆ ಇಣುಕಿದ ಅವರ ಮುಖ ಸಪ್ಪಗಾಯಿತು. "ಹಾಗೇ ಬಿಟ್ಟಿದಾನಲ್ಲ," ಎಂದು ಗೊಣಗಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಅಷ್ಟರಲ್ಲಿ ಕೋಟಿಗಟ್ಟಲೆ ವರ್ಷದ ಮೂಳೆಯಿಂದ ಕೆಂಪಿರುವೆಗಳ ಸಾಲು ಹೊರಟು ಅವರ ಜುಬ್ಬದ ತೋಳಿಗೆ ಹತ್ತಿತು. ಕಲ್ಲು ಪರೀಕ್ಷೆ ಮಾಡುವವರಿಗೆ ಒಂದು ಅಭ್ಯಾಸವಿರುತ್ತದೆ, ಮಡಿವಾಳಪ್ಪನಿಗೆ ಗೊತ್ತಿಲ್ಲದ್ದು: ಅನುಮಾನ ಬಂದರೆ ನಾಲಿಗೆಗೆ ತಾಗಿಸಿ ನೋಡುತ್ತಾರೆ. ರೇವಣಸಿದ್ದಪ್ಪನವರು ತಾಗಿಸಿ ನೋಡಿದರು. ಎರಡನೇ ಸಲವೂ ನೋಡಿದರು.

"ಕೊಟ್ರೇಶಿ, ಮೇಲೆ ಬಾರಪ್ಪ."

ಕೊಟ್ರೇಶ ವೇದಿಕೆ ಹತ್ತಿ, ನೇರವಾಗಿ ಅವರ ಕಾಲು ಹಿಡಿದ. "ತಪ್ಪಾಯ್ತು ಸಾರ್. ಉಪ್ಪು ಅಂದ್ಕೊಂಡು ಆಸಿಡ್ ಹಾಕ್ಬಿಟ್ಟೆ. ನಿಮ್ಮ ಹರಳೆಲ್ಲ ಹೋಯ್ತು. ಇದು ಮಡಿವಾಳಪ್ಪನ ಅಂಗಡಿ ಕಲ್ಲುಸಕ್ಕರೆ."

ಹಿಂದಿನ ಸಾಲಿನಲ್ಲಿ ಮಡಿವಾಳಪ್ಪ ಎದ್ದು ಬಾಗಿಲ ಕಡೆ ಹೊರಟ.

ರೇವಣಸಿದ್ದಪ್ಪನವರು ಮೇಜಿನ ಮೇಲಿದ್ದ ಫ್ಲಾಸ್ಕನ್ನು ತೆಗೆದುಕೊಂಡರು. ಅದರ ಬಿಸಿನೀರನ್ನು ಮೂಳೆಯೊಳಕ್ಕೆ ಸುರಿದರು. ಪಾಕ ಸಡಿಲಿ ಕಲ್ಲುಸಕ್ಕರೆ ಹಾರದ ತಟ್ಟೆಗೆ ಉದುರಿತು, ಅದರ ಹಿಂದೆಯೇ ತುಕ್ಕುಬಣ್ಣದ ಕೆಸರು. ಶಾಲಿನ ತುದಿಯಿಂದ ಒರೆಸಿ ದೀಪಕ್ಕೆ ಹಿಡಿದರು. ಪೊಳ್ಳಿನ ಗೋಡೆಯ ತುಂಬ ಒತ್ತೊತ್ತಾಗಿ, ನೇರಳೆಹಣ್ಣಿನ ಬಣ್ಣದ ಹರಳುಗಳು ಮಿಂಚಿದವು. ಇಡೀ ಹಾಲ್ ಎದ್ದು ನಿಂತಿತು.

"ಮೊದಲು ಬಂದ ನೀರು ಇವನ್ನ ಕಟ್ಟಿತ್ತು. ಆಮೇಲೆ ಬಂದ ಸುಣ್ಣದ ನೀರು ಇವನ್ನೆಲ್ಲ ಮುಚ್ಚಿಬಿಟ್ಟಿತ್ತು," ಎಂದರು ಹಿರಿಯರು. ತಮ್ಮ ಶಾಲನ್ನು ತೆಗೆದು, ಕೆಸರಾಗಿದೆ ಎಂಬುದನ್ನೂ ನೋಡದೆ, ಕೊಟ್ರೇಶನಿಗೆ ಹೊದಿಸಿದರು.

ವಾಪಸ್ ಬರುವಾಗ ಕಾರಿನಲ್ಲಿ ಅವರೇ ಮಾತು ತೆಗೆದರು. "ಒಂದು ಮೂಲೇಲಿ ಚೂರು ನೇರಳೆ ಕಾಣ್ತಿತ್ತು ಕಣಪ್ಪ. ಒಳಗೆ ಏನೋ ಇದೆ ಅಂತ ನಲವತ್ತು ವರ್ಷದಿಂದ ಅನುಮಾನ. ಮೂಳೆ ಬೆಣಚುಕಲ್ಲಾಗಿದೆ, ಆಸಿಡ್‌ಗೆ ಜಗ್ಗಲ್ಲ ಅಂತಾನೂ ಗೊತ್ತು. ಆದ್ರೂ ಆಸಿಡ್ ಬಾಟ್ಲಿ ಕೈಗೆ ತಗೊಂಡಾಗೆಲ್ಲ ಧೈರ್ಯ ಸಾಲದೆ ವಾಪಸ್ ಇಡ್ತಿದ್ದೆ. ಬಿಳೀ ಉಪ್ಪು ಕಂಡ್ರೆ ನೀನು ಬಿಡೋನಲ್ಲ ಅಂತ ಗೊತ್ತಿತ್ತು. ಅದಕ್ಕೇ ನಿನ್ನ ಕೈಗೆ ಕೊಟ್ಟೆ."

ಕೊಟ್ರೇಶ ಮೆಲ್ಲಗೆ ಕೇಳಿದ. "ಹಾಗಾದ್ರೆ ಸಾರ್, ಆವತ್ತಿನ ಋಣ..."

"ತೀರಿಹೋಯ್ತು ಕಣೋ. ಇನ್ಮೇಲೆ ನಾನೇ ನಿನಗೆ ಋಣಿ. ಬದುಕಿರೋವರೆಗೂ ಮರೆಯಲ್ಲ."

ಕೊಟ್ರೇಶನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ರಕ್ಷಾ ಅವನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದಳು. ಕೆಸರು ಮೆತ್ತಿದ ಶಾಲನ್ನು ಅವಳಿಗೂ ಹೊದಿಸಿ, ಇಂಥ ದೊಡ್ಡ ಮನುಷ್ಯನಿಗೆ ತಾನೂ ಉಪಯೋಗಕ್ಕೆ ಬಂದೆನಲ್ಲ ಎಂದು ಕಣ್ಣು ಮುಚ್ಚಿ ಕೂಡಲಸಂಗಮದೇವನಿಗೆ ಕೈಮುಗಿದ. ಇನ್ನು ಯಾರ ಹಂಗೂ ಇಲ್ಲದೆ ತಲೆಯೆತ್ತಿ ನಡೆಯಬಹುದು. ಟೋಲ್‌ಗೇಟ್ ಸಿಗ್ನಲ್ಲಿನಲ್ಲಿ ಕೆಂಪು ಬಿದ್ದು ಕಾರು ನಿಂತಿತು. ಮುಂದೆ ಬಸ್ಸು, ಹಿಂದೆ ಲಾರಿ.

"ರೀ," ಎಂದಳು ನೀಲಾಂಬಿಕೆ, ಅವನ ತೋಳನ್ನು ಗಟ್ಟಿಯಾಗಿ ಹಿಡಿದು. "ಡಾಕ್ಟರು ಮೂರು ವಾರ ಅಂದಿದ್ರು. ಇದಕ್ಕೆ ಕೇಳಿಸಿಲ್ಲ ಅನ್ಸುತ್ತೆ ಕಣ್ರೀ."

ರೇವಣಸಿದ್ದಪ್ಪನವರು ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿ, ಆಗಲೇ ಜುಬ್ಬದ ತೋಳು ಮಡಚತೊಡಗಿದ್ದರು.

"ಆಂಬುಲೆನ್ಸ್ ನಂಬರ್ ಎಲ್ಲೋ ಕೊಟ್ರೇಶಿ?"

"ಫ್ರಿಡ್ಜ್ ಮೇಲಿದೆ ಸಾರ್."

ಹಿರಿಯರು ಹಾರನ್ನಿನ ಮೇಲೆ ಕೈಯೊತ್ತಿ ಹಿಡಿದರು. "ಇರ್ಲಿ ಬಿಡು. ಆದ್ರೆ ಸೀಟ್ ಕವರ್ ಮೊನ್ನೆ ತಾನೆ ಹೊಸದು ಹಾಕ್ಸಿದ್ದೆ ಕಣಪ್ಪ."